ನಿಮಗಿದು ಗೊತ್ತೇ? – ಒಬ್ಬರ ತಕರಾರು ಅರ್ಜಿ, ಎಲ್ಲರ ಹಕ್ಕು

ಅಳವಂಡಿಯ ನಾಡಕಚೇರಿಗೆ ಮಾಸಾಶನದ ಅರ್ಜಿ ಹಿಡಿದು ಬರುವವರಿಗೆ ಅಂಗವಿಕಲರ ಕಾಯ್ದೆ ಅಂದರೆ ಒಂದು ಪ್ರಮಾಣಪತ್ರ, ಒಂದು ಕಾರ್ಡು, ತಿಂಗಳಿಗೊಮ್ಮೆ ಖಾತೆಗೆ ಬೀಳುವ ಒಂದಿಷ್ಟು ದುಡ್ಡು. ಕಾಯ್ದೆಯಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚಿನದಿದೆ. ಹೊತ್ತಿಗೆಯಲ್ಲಿದ್ದ ಸಾಲುಗಳಿಗೆ ಬಲ ಬಂದದ್ದು ಮಾತ್ರ ಕೋರ್ಟಿನ ಮೆಟ್ಟಿಲು ಹತ್ತಿದ ಒಬ್ಬೊಬ್ಬರ ಹಟದಿಂದ.

● ದೇಶದಲ್ಲಿ ಅಂಗವಿಕಲರಿಗೆಂದೇ ಮೊದಲ ಸಮಗ್ರ ಕಾಯ್ದೆ ಬಂದದ್ದು 1995ರಲ್ಲಿ. ಅದು ಗುರುತಿಸಿದ್ದು 7 ಬಗೆಯ ವೈಕಲ್ಯ. 2017ರ ಏಪ್ರಿಲ್ 19ರಂದು ಜಾರಿಯಾದ 2016ರ ಹೊಸ ಕಾಯ್ದೆಯಲ್ಲಿ ಅದು 21ಕ್ಕೆ ಏರಿತು. ಕುಬ್ಜತೆ, ಪಾರ್ಕಿನ್ಸನ್, ಥಲಸ್ಸೇಮಿಯಾ, ಕಲಿಕಾ ನ್ಯೂನತೆ, ಆಸಿಡ್ ದಾಳಿಯ ಗಾಯ ಎಲ್ಲವೂ ಈಗ ಪಟ್ಟಿಯಲ್ಲಿವೆ. ಸರ್ಕಾರಿ ನೌಕರಿಯ ಮೀಸಲು ಶೇ. 3ರಿಂದ ಶೇ. 4ಕ್ಕೆ ಹೆಚ್ಚಿತು. ಉನ್ನತ ಶಿಕ್ಷಣದಲ್ಲಿ ಶೇ. 5 ಆಯಿತು.

● ಕಾಯ್ದೆ ಬರುವ ಮೊದಲೇ ತೀರ್ಪು ಬಂದಿತ್ತು! ಅಂಧರು ನಾಗರಿಕ ಸೇವಾ ಪರೀಕ್ಷೆಯನ್ನು ಬ್ರೈಲ್‌ನಲ್ಲಿ ಅಥವಾ ಬರಹಗಾರರ ನೆರವಿನಿಂದ ಬರೆಯಬಹುದು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1993ರಲ್ಲಿ.

● ನೌಕರಿಯಲ್ಲಿದ್ದಾಗ ಕಾಲು ಕಳೆದುಕೊಂಡರೆ ನೌಕರಿಯೂ ಹೋಗುತ್ತದೆಯೇ? ಇಲ್ಲ. ಕರ್ತವ್ಯದಲ್ಲಿ ಗಾಯಗೊಂಡು ಕಾಲು ಕತ್ತರಿಸಿಕೊಂಡ ಕಾನ್‌ಸ್ಟೆಬಲ್ ಕುನಾಲ್ ಸಿಂಗ್ ಅವರನ್ನು ಇಲಾಖೆ ಅಸಮರ್ಥ ಎಂದು ಮನೆಗೆ ಕಳಿಸಿತ್ತು. ಬೇರೆ ಕೆಲಸ ಕೊಡಬೇಕು, ಸಂಬಳ ಇಳಿಸುವಂತಿಲ್ಲ ಎಂದು 2003ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಈ ರಕ್ಷಣೆ ಹೊಸ ಕಾಯ್ದೆಯ 20ನೇ ಕಲಮಿನಲ್ಲೂ ಮುಂದುವರಿದಿದೆ.

● ಓಟಿನ ದಿನ ಶಾಲೆಯ ಮೆಟ್ಟಿಲ ಪಕ್ಕ ಕಾಣುವ ಇಳಿಜಾರು ಯಾರದೋ ಕೃಪೆಯಲ್ಲ. ಮತಗಟ್ಟೆಗಳಿಗೆ ಇಳಿಜಾರು ಬೇಕೆಂದು 2004ರ ಲೋಕಸಭಾ ಚುನಾವಣೆಯ ಹೊತ್ತಿಗೇ ಸುಪ್ರೀಂ ಕೋರ್ಟ್ ಆದೇಶ ಮಾಡಿತ್ತು. 2023ರ ವಿಧಾನಸಭಾ ಚುನಾವಣೆಯಲ್ಲಿ ನಮ್ಮ ರಾಜ್ಯದ ಅಂಗವಿಕಲ ಮತದಾರರಿಗೆ ಮನೆಯಿಂದಲೇ ಓಟು ಹಾಕುವ ಅವಕಾಶವೂ ಸಿಕ್ಕಿತು.

● ಲೆಕ್ಕದಲ್ಲೇ ಮೋಸ ನಡೆಯುತ್ತಿತ್ತು. ನೂರು ಹುದ್ದೆ ಖಾಲಿ ಇವೆ ಅನ್ನಿ. ಅವುಗಳಲ್ಲಿ 20 ಮಾತ್ರ ‘ಅಂಗವಿಕಲರಿಗೆ ಸೂಕ್ತ’ ಎಂದು ಗುರುತಿಸಿ, ಆ 20ರ ಮೇಲಷ್ಟೇ ಮೀಸಲು ಎಣಿಸಿದರೆ ಪಾಲಿಗೆ ಒಂದು ಹುದ್ದೆಯೂ ಬರುವುದಿಲ್ಲ. ಒಟ್ಟು ಖಾಲಿ ಹುದ್ದೆಗಳ ಮೇಲೆ ಲೆಕ್ಕ ಹಾಕಿ ಎಂದು 2013ರ ಅಕ್ಟೋಬರ್ 8ರಂದು ತೀರ್ಪು ಬಂತು. ದಾವೆ ಹೂಡಿದ್ದು ರಾಷ್ಟ್ರೀಯ ಅಂಧರ ಒಕ್ಕೂಟ.

● ಸೆರೆಬ್ರಲ್ ಪಾಲ್ಸಿ ಇರುವ ಜೀಜಾ ಘೋಷ್ 2012ರಲ್ಲಿ ಸಮ್ಮೇಳನವೊಂದಕ್ಕೆ ಕೋಲ್ಕತ್ತಾದಿಂದ ಗೋವಾಕ್ಕೆ ಹೊರಟಿದ್ದರು. ಸೀಟಿನಲ್ಲಿ ಕುಳಿತಾಗಿತ್ತು, ಆಮೇಲೆ ಅವರನ್ನು ವಿಮಾನದಿಂದ ಇಳಿಸಲಾಯಿತು. 2016ರಲ್ಲಿ ಸುಪ್ರೀಂ ಕೋರ್ಟ್ ₹10 ಲಕ್ಷ ಪರಿಹಾರ ಕೊಡಿಸಿತು. ಪ್ರಯಾಣ ಮಾಡುವವರ ಘನತೆಯೂ ಹಕ್ಕೇ ಎಂಬುದು ಆ ತೀರ್ಪಿನ ಸಾರ.

● ದೇಶದ ಅಂಗವಿಕಲ ನೌಕರರಿಗೆ ಬಡ್ತಿಯ ಬಾಗಿಲು ತೆರೆದ ತೀರ್ಪಿನ ಮೇಲೆ ಕರ್ನಾಟಕದ ಹೆಸರಿದೆ: ಸಿದ್ದರಾಜು ವಿರುದ್ಧ ಕರ್ನಾಟಕ ಸರ್ಕಾರ. ಬಡ್ತಿಯಲ್ಲಿ ಮೀಸಲು ಸಲ್ಲದು ಎಂಬ ಇಂದ್ರಾ ಸಾಹ್ನಿ ತೀರ್ಪನ್ನು ಮುಂದೆ ಹಿಡಿದು ಅಂಗವಿಕಲರಿಗೂ ಬಡ್ತಿ ಮೀಸಲು ನಿರಾಕರಿಸಲಾಗುತ್ತಿತ್ತು. ಆ ಮಾತು ಹಿಂದುಳಿದ ವರ್ಗಗಳ ಮೀಸಲಾತಿಗೆ ಸಂಬಂಧಿಸಿದ್ದು, ಅಂಗವಿಕಲರಿಗೆ ಅನ್ವಯಿಸದು ಎಂದು 2016ರಲ್ಲೇ ಸುಪ್ರೀಂ ಕೋರ್ಟ್ ಹೇಳಿದ್ದರೂ ಗೊಂದಲ ಉಳಿದಿತ್ತು. 2020ರ ಜನವರಿ 14ರಂದು ಮೂವರು ನ್ಯಾಯಮೂರ್ತಿಗಳ ಪೀಠ ಸಿದ್ದರಾಜು ಪ್ರಕರಣದಲ್ಲಿ ಅದನ್ನೇ ಎತ್ತಿಹಿಡಿಯಿತು. ಆಮೇಲೂ ಆದೇಶ ಹೊರಬೀಳಲಿಲ್ಲ. 2021ರ ಸೆಪ್ಟೆಂಬರ್ 28ರಂದು ಕೋರ್ಟ್ ಮತ್ತೆ ತಾಕೀತು ಮಾಡಬೇಕಾಯಿತು. ಕೇಂದ್ರದ ಸುತ್ತೋಲೆ ಬಂದದ್ದು 2022ರ ಮೇ 17ಕ್ಕೆ. ಗೆದ್ದ ಮೇಲೂ ಬೆನ್ನು ಹತ್ತಬೇಕು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

● ಪರೀಕ್ಷೆಗೆ ಬರಹಗಾರರು ಸಿಗಬೇಕಾದರೆ ಶೇ. 40 ವೈಕಲ್ಯ ಇರಲೇಬೇಕೇ? ಬೇಡ. ಪೆನ್ನು ಹಿಡಿದರೆ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ವಿಕಾಸ್ ಕುಮಾರ್ ಅವರಿಗೆ ಯು.ಪಿ.ಎಸ್‌.ಸಿ. ಬರಹಗಾರರನ್ನು ಕೊಡಲು ಒಪ್ಪಿರಲಿಲ್ಲ. ಶೇ. 40 ಎಂಬುದು ಮೀಸಲಿಗೆ ಬೇಕಾದ ಅಳತೆ, ಬರಹಗಾರರ ನೆರವಿಗಲ್ಲ ಎಂದು 2021ರ ಫೆಬ್ರವರಿ 11ರಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಶೇ. 40ಕ್ಕಿಂತ ಕಡಿಮೆ ಇರುವವರಿಗೂ ಮಾರ್ಗಸೂಚಿ ಬಂದದ್ದು 2022ರ ಆಗಸ್ಟ್‌ನಲ್ಲಿ.

● ಪಕ್ಕದ ಗದಗಿನಲ್ಲಿ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದೆಯೂ ತಲೆಮಾರುಗಳಿಗೆ ಪಾಠ ಹೇಳಿದ್ದನ್ನು ಕಂಡ ನಮಗೆ ಕಣ್ಣಿಲ್ಲದ ಗುರುಗಳು ಹೊಸಬರಲ್ಲ. ಆದರೂ ಪೂರ್ತಿ ದೃಷ್ಟಿ ಇಲ್ಲದ ಅಭ್ಯರ್ಥಿಯೊಬ್ಬರು ಶಿಕ್ಷಕ ಹುದ್ದೆಗಾಗಿ ಕರ್ನಾಟಕ ಹೈಕೋರ್ಟ್‌ವರೆಗೆ ಬರಬೇಕಾಯಿತು. ಕೆಲಸಕ್ಕೆ ಅಡ್ಡಿಯಾಗದ ಕಡೆ, ಮಂದದೃಷ್ಟಿಯವರಿಗಿಂತ ಪೂರ್ಣ ಅಂಧರಿಗೇ ಆದ್ಯತೆ ಎಂದು 2024ರಲ್ಲಿ ಹೈಕೋರ್ಟ್ ಹೇಳಿತು.

● ವೈದ್ಯರಾಗಲು ‘ಎರಡೂ ಕೈ ಸರಿ ಇರಬೇಕು’ ಎಂಬ ನಿಯಮ ಸಂವಿಧಾನಕ್ಕೆ ವಿರುದ್ಧ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2025ರ ಫೆಬ್ರವರಿಯಲ್ಲಿ. ಶೇಕಡಾವಾರು ಅಂಕಿ ಒಂದನ್ನೇ ನೋಡಿ ಎಂ.ಬಿ.ಬಿ.ಎಸ್. ಸೀಟು ನಿರಾಕರಿಸುವಂತಿಲ್ಲ, ಓದಲು ಆಗುತ್ತದೋ ಇಲ್ಲವೋ ಎಂಬುದನ್ನು ಪರೀಕ್ಷಿಸಬೇಕು ಎಂದು 2024ರ ಅಕ್ಟೋಬರ್‌ನಲ್ಲೇ ತೀರ್ಪಾಗಿತ್ತು.

● ನ್ಯಾಯಾಧೀಶರ ಹುದ್ದೆಗೆ ಅಂಧರು ಅರ್ಜಿ ಹಾಕುವಂತಿಲ್ಲ ಎಂಬ ನಿಯಮ ಮಧ್ಯಪ್ರದೇಶದಲ್ಲಿತ್ತು. ಅಭ್ಯರ್ಥಿಯೊಬ್ಬರ ತಾಯಿ ಮುಖ್ಯ ನ್ಯಾಯಮೂರ್ತಿಗಳಿಗೆ ಒಂದು ಪತ್ರ ಬರೆದರು. ಪತ್ರವೇ ಅರ್ಜಿಯಾಯಿತು. 2025ರ ಮಾರ್ಚ್ 3ರಂದು ಆ ನಿಯಮ ರದ್ದಾಯಿತು.

● ಕಟ್ಟಡ, ಬಸ್ಸು, ವೆಬ್‌ಸೈಟ್‌ಗಳನ್ನು ಅಂಗವಿಕಲರು ಬಳಸುವಂತೆ ಮಾಡಲು 2016ರ ಕಾಯ್ದೆಯಡಿ ರೂಪಿಸಿದ ನಿಯಮ 15 ಬರೀ ಸಲಹೆಯ ರೂಪದಲ್ಲಿತ್ತು, ಪಾಲಿಸದಿದ್ದರೆ ಕೇಳುವವರಿರಲಿಲ್ಲ. ದೃಷ್ಟಿದೋಷವುಳ್ಳ ರಾಜೀವ್ ರತುರಿ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ಆ ನಿಯಮ ಕಾಯ್ದೆಗೇ ವಿರುದ್ಧ ಎಂದಿತು. ಕಡ್ಡಾಯ ಮಾನದಂಡ ರೂಪಿಸಲು ಕೇಂದ್ರಕ್ಕೆ 3 ತಿಂಗಳ ಗಡುವು ಕೊಟ್ಟಿತು.

● ಬ್ಯಾಂಕ್ ಖಾತೆಯ ಕೆ.ವೈ.ಸಿ.ಗೆ ಮೊಬೈಲ್ ಹಿಡಿದರೆ ‘ಕಣ್ಣು ಮಿಟುಕಿಸಿ’ ಅನ್ನುತ್ತದೆ. ಆಸಿಡ್ ಬಿದ್ದು ರೆಪ್ಪೆಯೇ ಉಳಿಯದವರು ಏನು ಮಿಟುಕಿಸಬೇಕು? ಚೌಕದೊಳಗೆ ಮುಖ ಹಿಡಿಯಿರಿ ಅಂದರೆ ಅಂಧರಿಗೆ ಚೌಕ ಕಾಣುವುದು ಹೇಗೆ? 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ 20 ನಿರ್ದೇಶನ ಕೊಟ್ಟಿತು. ಡಿಜಿಟಲ್ ಸೇವೆ ಬಳಸುವ ಅವಕಾಶವೂ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದಿತು.

● ಸಿನಿಮಾದಲ್ಲಿ ತೊದಲುವವರನ್ನು, ಕುಂಟುವವರನ್ನು ನಗೆಪಾಟಲು ಮಾಡುವ ಬಗ್ಗೆಯೂ ತೀರ್ಪಿದೆ. ನಿಪುಣ್ ಮಲ್ಹೋತ್ರಾ ಪ್ರಕರಣದಲ್ಲಿ 2024ರ ಜುಲೈ 8ರಂದು ಸುಪ್ರೀಂ ಕೋರ್ಟ್ ಚಿತ್ರಣದ ಮಾರ್ಗಸೂಚಿ ಹಾಕಿಕೊಟ್ಟಿತು. ಅಂಗವಿಕಲರ ಬದುಕನ್ನು ತೋರಿಸುವ ಹಾಸ್ಯ ಬೇರೆ, ಅವರನ್ನು ಹೀಗಳೆಯುವ ಹಾಸ್ಯ ಬೇರೆ ಎಂದು ವಿಂಗಡಿಸಿತು.

● ಇಷ್ಟೆಲ್ಲ ಸರಿ, ಅಳವಂಡಿಯವರು ದೆಹಲಿಗೆ ಹೋಗಬೇಕೇ? ಬೇಕಿಲ್ಲ. ಗ್ರಾಮ ಪಂಚಾಯಿತಿಯ ವಿ.ಆರ್.ಡಬ್ಲ್ಯು., ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಮೊದಲ ಮೆಟ್ಟಿಲು. ಅವರೂ ಅಂಗವಿಕಲರೇ ಆಗಿರುವುದರಿಂದ ಕಷ್ಟ ಬಿಡಿಸಿ ಹೇಳಬೇಕಿಲ್ಲ. ಕಾಯ್ದೆಯ 23ನೇ ಕಲಮಿನಂತೆ ಸರ್ಕಾರಿ ಸಂಸ್ಥೆಗಳಲ್ಲಿ ಕುಂದುಕೊರತೆ ಅಧಿಕಾರಿ ಇರಬೇಕು, ದೂರನ್ನು ವಹಿಯಲ್ಲಿ ದಾಖಲಿಸಿ ಎರಡು ವಾರದೊಳಗೆ ವಿಚಾರಿಸಬೇಕು. ಅಲ್ಲಿ ಆಗದಿದ್ದರೆ ಬೆಂಗಳೂರಿನಲ್ಲಿ ರಾಜ್ಯ ಆಯುಕ್ತರಿದ್ದಾರೆ. ಸಾಕ್ಷಿಗಳನ್ನು ಕರೆಸಲು, ದಾಖಲೆ ತರಿಸಲು ಅವರಿಗೆ ಸಿವಿಲ್ ಕೋರ್ಟಿನ ಅಧಿಕಾರವಿದೆ. ಹೈಕೋರ್ಟ್ ಬೇಕಾದರೆ ಕೊಪ್ಪಳ ಜಿಲ್ಲೆಗೆ ಧಾರವಾಡದ ಪೀಠ.

● ವಕೀಲರ ಫೀಸು? 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಲ್ಲಿ ಅಂಗವಿಕಲರಿಗೆ ಉಚಿತ ವಕೀಲರ ನೆರವಿದೆ, ಆದಾಯದ ಮಿತಿ ಇಲ್ಲ. ಕೊಪ್ಪಳದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು, ಇಲ್ಲವೇ 15100ಕ್ಕೆ ಕರೆ ಮಾಡಬಹುದು. ಯಾವ ಕಚೇರಿಗೇ ಹೋಗಿ, ಬಾಯಿಮಾತಿನಲ್ಲಿ ಕೇಳಿ ವಾಪಸ್ ಬರಬೇಡಿ. ಅರ್ಜಿ ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ. ನಾಳೆ ಕೋರ್ಟು ಮೊದಲು ಕೇಳುವುದು ಅದನ್ನೇ.