ಸುವಾಸನೆಯ ಮೇಣದ ಬತ್ತಿ: ಹಚ್ಚುವ ಮುನ್ನ ಪರೀಕ್ಷಿಸಿ

ಮನೆಯಲ್ಲೇ ಮಾಡಿದ್ದು ಎಂದರೆ ಶುದ್ಧ, ಅಪಾಯವಿಲ್ಲದ್ದು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳ ಮಟ್ಟಿಗೆ ಇದು ಬಹುಪಾಲು ನಿಜವೂ ಹೌದು. ಆದರೆ ಸುವಾಸನೆಯ ಮೇಣದ ಬತ್ತಿಗೆ ಈ ಮಾತನ್ನು ಅನ್ವಯಿಸುವಂತಿಲ್ಲ. ಹಪ್ಪಳ ಕೆಟ್ಟಿದ್ದರೆ ನಾಲಿಗೆ ಕೂಡಲೇ ಹೇಳುತ್ತದೆ. ಮೇಣದ ಬತ್ತಿಯನ್ನಾದರೋ ಉರಿಸುತ್ತೇವೆ. ಉರಿದು ಬಂದುದನ್ನು ಮನೆಯವರೆಲ್ಲ, ತೊಟ್ಟಿಲ ಕೂಸೂ ಸೇರಿದಂತೆ, ಉಸಿರಾಡುತ್ತಾರೆ. ಅದು ಕೆಟ್ಟಿದೆಯೆಂದು ತಿಳಿಯುವುದು ಗೋಡೆ ಕಪ್ಪಾದ ಮೇಲೆ ಅಥವಾ ಮಗುವಿಗೆ ಕೆಮ್ಮು ಹಿಡಿದ ಮೇಲೆ.

ದೀಪಾವಳಿಗೆಂದೋ, ಉಡುಗೊರೆಗೆಂದೋ, ನಾಲ್ಕು ಕಾಸು ಸಂಪಾದಿಸಲೆಂದೋ ನೀವು ಮನೆಯಲ್ಲಿ ಇಂತಹ ಬತ್ತಿ ಮಾಡಲು ಹೊರಟಿದ್ದರೆ ಮೇಣ, ದಾರ ಮತ್ತು ಸುಗಂಧ ಇವು ಮೂರನ್ನೂ ಒಟ್ಟಿಗೆ ಪರೀಕ್ಷಿಸದೆ ಕೋಣೆಯಲ್ಲಿ ಹಚ್ಚಬೇಡಿ, ಇನ್ನೊಬ್ಬರಿಗೂ ಕೊಡಬೇಡಿ. ಪರೀಕ್ಷೆಗೆ ಪ್ರಯೋಗಶಾಲೆ ಬೇಕಿಲ್ಲ. ತಕ್ಕಡಿ, ಗಡಿಯಾರ, ಒಂದು ನೋಟ್ ಬುಕ್ ಮತ್ತು ತಾಳ್ಮೆ ಇದ್ದರೆ ಸಾಕು.

ಉರಿಯುವುದು ಏನು?

ಮೇಣದ ಬತ್ತಿಯಲ್ಲಿ ಉರಿಯುವುದು ದಾರ ಎಂದು ಅನೇಕರು ತಿಳಿದಿದ್ದಾರೆ. ನಿಜವಾಗಿ ಉರಿಯುವುದು ಮೇಣದ ಆವಿ. ಜ್ವಾಲೆಯ ಶಾಖಕ್ಕೆ ಮೇಣ ಕರಗುತ್ತದೆ. ಹಣತೆಯ ಬತ್ತಿ ಎಣ್ಣೆಯನ್ನು ಹೀರುವಂತೆಯೇ ದಾರ ಈ ಮೇಣವನ್ನು ಮೇಲಕ್ಕೆ ಹೀರುತ್ತದೆ. ತುದಿಯಲ್ಲಿ ಅದು ಆವಿಯಾಗಿ, ಗಾಳಿಯ ಆಮ್ಲಜನಕದೊಡನೆ ಕೂಡಿ ಉರಿಯುತ್ತದೆ. ವಿಜ್ಞಾನಿ ಮೈಕೆಲ್ ಫ್ಯಾರಡೆ 1860ರ ಕ್ರಿಸ್‌ಮಸ್ ರಜೆಯಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಮಕ್ಕಳಿಗೆ ನೀಡಿದ ಪ್ರಸಿದ್ಧ ಉಪನ್ಯಾಸಮಾಲೆಯ ವಿಷಯವೇ ಈ ಮೇಣದ ಬತ್ತಿ.

ದಾರ ಹೀರುವ ಮೇಣಕ್ಕೂ ಸಿಗುವ ಗಾಳಿಗೂ ಹೊಂದಿಕೆಯಿದ್ದರೆ ಜ್ವಾಲೆ ಅಲುಗದೆ ಉರಿಯುತ್ತದೆ, ಮಸಿ ತೀರ ಕಡಿಮೆ. ದಾರ ದಪ್ಪವಾದರೆ ಮೇಣ ಹೆಚ್ಚು ಬಂದು, ಪೂರ್ತಿ ಉರಿಯದೆ ಮಸಿಯಾಗಿ ಹೊರಬೀಳುತ್ತದೆ. ದಾರ ತೆಳುವಾದರೆ ಜ್ವಾಲೆ ಮೇಣದಲ್ಲಿ ಮುಳುಗಿ ಆರುತ್ತದೆ. ಸುಗಂಧ ತೈಲ ಬೆರೆಸಿದಾಗ ಇಂಧನದ ಗುಣವೇ ಬದಲಾಗುವುದರಿಂದ ಮೊದಲಿದ್ದ ಹೊಂದಿಕೆಯೂ ಕೆಡಬಹುದು.

ಮಸಿಯ ಕಣಗಳು ಕೂದಲೆಳೆಗಿಂತ ಎಷ್ಟೋ ಪಾಲು ಸಣ್ಣವು. 2.5 ಮೈಕ್ರಾನ್‌ಗಿಂತ ಚಿಕ್ಕ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿಯಬಲ್ಲವು. ಇಂತಹ ಕಣಗಳು ಗಾಳಿಯ ಪ್ರತಿ ಘನ ಮೀಟರಿಗೆ ದಿನದ ಸರಾಸರಿಯಲ್ಲಿ 15 ಮೈಕ್ರೋಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸಲಹೆ ನೀಡಿದೆ. ಗಾಳಿಯಾಡುವ ಕೋಣೆಯಲ್ಲಿ ಸರಿಯಾಗಿ ಉರಿಯುವ ಒಂದು ಬತ್ತಿಯಿಂದ ಆರೋಗ್ಯವಂತರು ಹೆದರಬೇಕಾಗಿಲ್ಲ. ಆದರೆ ಕಿಟಕಿ ಮುಚ್ಚಿದ ಕೋಣೆಯಲ್ಲಿ ಊದುಬತ್ತಿ, ಸೊಳ್ಳೆ ಬತ್ತಿಗಳ ಹೊಗೆಯ ಜೊತೆಗೆ ಮಸಿ ಕಾರುವ ಮೇಣದ ಬತ್ತಿಯೂ ಸೇರಿದರೆ ಆಸ್ತಮಾ ಇರುವವರಿಗೆ ಉಬ್ಬಸ ಕೆರಳಲು ಅಷ್ಟು ಸಾಕು.

ಯಾವ ಮೇಣ?

ಪೇಟೆಯಲ್ಲಿ ಸುಲಭವಾಗಿ ಸಿಗುವುದು ಪೆಟ್ರೋಲಿಯಂನಿಂದ ಬರುವ ಪ್ಯಾರಾಫಿನ್ ಮೇಣ. ದರ್ಜೆಗೆ ತಕ್ಕಂತೆ ಇದು ಸುಮಾರು 46ರಿಂದ 68 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಜೇನುಮೇಣ 62ರಿಂದ 64 ಡಿಗ್ರಿಯಲ್ಲಿ ಕರಗುತ್ತದೆ, ಬೆಲೆ ಹೆಚ್ಚು. ಲೋಟದಲ್ಲಿ ಹುಯ್ಯುವ ಸೋಯಾ ಮೇಣ ಮೃದು, ಸುಮಾರು 50 ಡಿಗ್ರಿಯ ಆಸುಪಾಸಿನಲ್ಲಿ ಕರಗುತ್ತದೆ. ಸೋಯಾ ಎಂದ ಮಾತ್ರಕ್ಕೆ ಮಸಿ ಬರುವುದಿಲ್ಲ ಎಂಬುದು ತಪ್ಪು ಕಲ್ಪನೆ. ದಾರ ಹೊಂದದಿದ್ದರೆ ಯಾವ ಮೇಣವೂ ಮಸಿ ಕಾರುತ್ತದೆ.

ಹಳೆಯ ಬತ್ತಿಗಳ ತುಂಡು ಕರಗಿಸಿ ಬಳಸುವುದು ಉಳಿತಾಯವೆಂದು ಕಂಡರೂ ಅದರಲ್ಲಿ ಏನೇನು ಬೆರೆತಿದೆಯೆಂದು ತಿಳಿಯದು. ಪ್ರತಿ ಬಾರಿಯೂ ಮೇಣ ಬೇರೆಯಾಗುವುದರಿಂದ ಪರೀಕ್ಷೆಗೂ ಅರ್ಥವಿರುವುದಿಲ್ಲ. ಬಣ್ಣಕ್ಕಾಗಿ ಮಕ್ಕಳ ಕ್ರೇಯಾನ್ ಹಾಕಬೇಡಿ, ಅದರ ಪುಡಿ ದಾರದ ಎಳೆಗಳಲ್ಲಿ ಕಟ್ಟಿಕೊಳ್ಳುತ್ತದೆ.

ಯಾವ ದಾರ?

ಹೆಣೆದ ಹತ್ತಿಯ ದಾರ ಉತ್ತಮ. ನೈಲಾನ್ ಅಥವಾ ಪಾಲಿಯೆಸ್ಟರ್ ಬೆರೆತ ನೂಲು ಬೇಡ. ದಾರದ ನಡುವೆ ಲೋಹದ ತಂತಿಯಿದ್ದರೆ ಎಚ್ಚರ ಅಗತ್ಯ. ಅದು ಸೀಸವಾಗಿದ್ದರೆ ಉರಿಯುವಾಗ ಸೀಸದ ಅಂಶ ಕೋಣೆಯ ಗಾಳಿಗೆ ಸೇರುತ್ತದೆ. ಸೀಸವು ಬೆಳೆಯುವ ಮಕ್ಕಳ ಮಿದುಳಿಗೆ ಹಾನಿಕಾರಕ. ಈ ಕಾರಣದಿಂದಲೇ ಅಮೆರಿಕವು 2003ರಲ್ಲಿ ಸೀಸದ ತಂತಿಯಿರುವ ಮೇಣದ ಬತ್ತಿಗಳನ್ನು ನಿಷೇಧಿಸಿತು. ದಾರದ ತುದಿ ಬಿಚ್ಚಿ ತಂತಿಯನ್ನು ಬಿಳಿ ಕಾಗದದ ಮೇಲೆ ಉಜ್ಜಿ ನೋಡಿ. ಪೆನ್ಸಿಲಿನಂತೆ ಬೂದು ಗೆರೆ ಮೂಡಿದರೆ ಸೀಸವಿರಬಹುದೆಂದು ಶಂಕಿಸಿ ಎಸೆದುಬಿಡಿ. ತಂತಿಯೇ ಇಲ್ಲದ ದಾರ ಕೊಂಡರೆ ಈ ಚಿಂತೆಯೇ ಇಲ್ಲ.

ಸುಗಂಧ ಎಷ್ಟು?

ಹೆಚ್ಚು ಹಾಕಿದರೆ ಹೆಚ್ಚು ಪರಿಮಳ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಸಾಮಾನ್ಯವಾಗಿ ಮೇಣ ಹಿಡಿದಿಟ್ಟುಕೊಳ್ಳುವುದು ತೂಕದ ಶೇ. 6ರಿಂದ 10ರಷ್ಟು ತೈಲವನ್ನು ಮಾತ್ರ. ಅಂದರೆ 100 ಗ್ರಾಂ ಮೇಣಕ್ಕೆ 6 ಗ್ರಾಂನಿಂದ ಆರಂಭಿಸಬಹುದು. ಚಮಚದ ಅಳತೆ ಬೇಡ, ತೂಗಿಯೇ ಹಾಕಿ. ಹೆಚ್ಚಾದ ತೈಲ ಬೆವರಿನಂತೆ ಮೇಲೆ ನಿಲ್ಲುತ್ತದೆ. ಬತ್ತಿ ಹಚ್ಚಿದಾಗ ಅದೇ ಭುಗಿಲೇಳಬಹುದು.

ಮೇಣದ ಬತ್ತಿಗೆಂದೇ ತಯಾರಾದ ತೈಲವನ್ನಷ್ಟೇ ಕೊಳ್ಳಿ. ಮೈಗೆ ಸಿಂಪಡಿಸಿಕೊಳ್ಳುವ ಸೆಂಟಿನಲ್ಲಿ ಮದ್ಯಸಾರವಿರುವುದರಿಂದ ಅದನ್ನು ಬಿಸಿ ಮೇಣಕ್ಕೆ ಸುರಿಯುವುದು ಅಪಾಯ. ನಮ್ಮ ರಾಜ್ಯದಲ್ಲಿ ಸರ್ಕಾರದ ಶ್ರೀಗಂಧದ ಎಣ್ಣೆ ಕಾರ್ಖಾನೆ ಮೈಸೂರಿನಲ್ಲಿ 1916ರಷ್ಟು ಹಿಂದೆಯೇ ಆರಂಭವಾಯಿತು. ಆದರೆ ಅಪ್ಪಟ ಗಂಧದೆಣ್ಣೆ ಬಹಳ ದುಬಾರಿ. ಅಗ್ಗಕ್ಕೆ ಸಿಗುವ ‘ಗಂಧದ ತೈಲ’ ಸಾಮಾನ್ಯವಾಗಿ ಕೃತಕ ಸುಗಂಧ.

ಹಾಗೆಂದು ನೈಸರ್ಗಿಕವಾದದ್ದೆಲ್ಲ ನಿರಪಾಯವೂ ಅಲ್ಲ. ಕಿತ್ತಳೆ ಎಣ್ಣೆಯ ಲಿಮೊನಿನ್, ಲ್ಯಾವೆಂಡರ್ ಎಣ್ಣೆಯ ಲಿನಲೂಲ್ ಗಾಳಿಗೆ ತೆರೆದುಕೊಂಡು ಹಳತಾದಾಗ ಚರ್ಮಕ್ಕೆ ಅಲರ್ಜಿ ತರುವುದುಂಟು. ಆದ್ದರಿಂದ ಕೈಗವಸು ಹಾಕಿಕೊಂಡೇ ತೈಲ ಬೆರೆಸಿ. ನೀಲಗಿರಿ ಎಣ್ಣೆ ಮತ್ತು ಕರ್ಪೂರ ಮಕ್ಕಳ ಹೊಟ್ಟೆ ಸೇರಿದರೆ ಫಿಟ್ಸ್ ಬರಬಹುದು. ಸೀಸೆಗಳು ಅವರ ಕೈಗೆಟುಕದಂತೆ, ಬೀಗದೊಳಗಿರಲಿ.

ಪರೀಕ್ಷೆಯ ಕ್ರಮ

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡುವುದು ಪರೀಕ್ಷೆಯ ಮೊದಲ ನಿಯಮ. ಒಂದೇ ಅಳತೆಯ ಮೂರು ಲೋಟಗಳಿಗೆ ಒಂದೇ ಮೇಣವನ್ನು ಸಮ ತೂಕದಲ್ಲಿ ಹುಯ್ಯಿರಿ. ದಾರ ಮಾತ್ರ ಸಣ್ಣ, ಮಧ್ಯಮ, ದಪ್ಪ ಎಂದು ಬೇರೆಬೇರೆ ಇರಲಿ. ಮೊದಲ ಸುತ್ತಿನಲ್ಲಿ ಸುಗಂಧ ಬೇಡ. ಚೆನ್ನಾಗಿ ಉರಿದ ದಾರವನ್ನು ಆರಿಸಿಕೊಂಡು, ಎರಡನೆಯ ಸುತ್ತಿನಲ್ಲಿ ಸುಗಂಧ ಬೆರೆಸಿ ಮತ್ತೆ ಉರಿಸಿ. ಹುಯ್ದ ಕೂಡಲೇ ಹಚ್ಚಬಾರದು. ಪ್ಯಾರಾಫಿನ್ ಆದರೆ ಎರಡು ದಿನ, ಸೋಯಾ ಆದರೆ ಒಂದೆರಡು ವಾರ ಹಾಗೆಯೇ ಬಿಡಿ.

ಹಚ್ಚುವ ಮೊದಲು ದಾರವನ್ನು 5-6 ಮಿಲಿಮೀಟರ್ ಉಳಿಯುವಂತೆ ಕತ್ತರಿಸಿ. ಫ್ಯಾನ್ ಗಾಳಿ ತಾಗದ, ಆದರೆ ಕಿಟಕಿ ತೆರೆದ ಕೋಣೆಯಲ್ಲಿ ಒಂದು ಸಲಕ್ಕೆ ನಾಲ್ಕು ಗಂಟೆಯವರೆಗೆ ಉರಿಸಿ. ಪೂರ್ತಿ ಆರಿ ತಣ್ಣಗಾದ ಮೇಲೆ ಮತ್ತೆ ಹಚ್ಚಿ. ಹೀಗೆ ಕೊನೆಯವರೆಗೂ ಪರೀಕ್ಷಿಸಬೇಕು. ಮೇಲೆ ಚೆನ್ನಾಗಿ ಉರಿದದ್ದು ತಳಕ್ಕೆ ಬಂದಾಗ ಕೈಕೊಡುವುದುಂಟು. ಬತ್ತಿಯನ್ನು ಬಿಟ್ಟು ಎದ್ದು ಹೋಗಬೇಡಿ. ಗಂಟೆಗೊಮ್ಮೆ ಇವನ್ನು ಬರೆದಿಡಿ:

1. ಜ್ವಾಲೆ ಸುಮಾರು ಒಂದು ಅಂಗುಲದೊಳಗಿದೆಯೇ? ಅಲುಗದೆ ನಿಂತಿದೆಯೇ?

2. ದಾರದ ತುದಿಯಲ್ಲಿ ಅಣಬೆಯಂತೆ ಕರಿಗಂಟು ಕಟ್ಟಿದೆಯೇ? ಕಟ್ಟಿದ್ದರೆ ದಾರ ದಪ್ಪವಾಯಿತು ಅಥವಾ ಸುಗಂಧ ಹೆಚ್ಚಾಯಿತು.

3. ಕರಗಿದ ಮೇಣ ಮೂರು ನಾಲ್ಕು ಗಂಟೆಗಳಲ್ಲಿ ಲೋಟದ ಅಂಚು ಮುಟ್ಟಿದೆಯೇ? ಆಳ ಒಂದು ಸೆಂಟಿಮೀಟರ್ ಮೀರಿದೆಯೇ?

4. ಲೋಟ ಮುಟ್ಟಲಾರದಷ್ಟು ಸುಡುತ್ತಿದೆಯೇ?

5. ತಣ್ಣಗಾದ ಮೇಲೆ ಲೋಟದ ಬಾಯಿಯನ್ನು ಬಿಳಿ ಹತ್ತಿಬಟ್ಟೆಯಿಂದ ಒರೆಸಿದರೆ ಮಸಿ ಹತ್ತುತ್ತದೆಯೇ?

6. ಕೋಣೆಯಲ್ಲಿದ್ದವರಿಗೆ ಸೀನು, ತಲೆನೋವು, ಕಣ್ಣುರಿ, ಕೆಮ್ಮು ಬಂದಿತೇ?

ಪರಿಮಳ ಸಾಕೇ, ಹೆಚ್ಚೇ ಎಂದು ತೀರ್ಮಾನಿಸಬೇಕಾದವರು ನೀವಲ್ಲ. ಗಂಟೆಗಟ್ಟಲೆ ಅದೇ ವಾಸನೆಯಲ್ಲಿ ಕುಳಿತ ಮೂಗು ಮೊಂಡಾಗುತ್ತದೆ. ಹೊರಗಿನಿಂದ ಬಂದವರನ್ನು ಕೇಳಿ. ಅವರು ಮೂಗು ಮುಚ್ಚಿಕೊಂಡರೆ ಸುಗಂಧ ಕಡಿಮೆ ಮಾಡಿ. ಕೈಗೂಸು ಅಥವಾ ಆಸ್ತಮಾ ರೋಗಿ ಇರುವ ಮನೆಯಲ್ಲಿ ಈ ಪರೀಕ್ಷೆಯನ್ನೇ ಮಾಡಬೇಡಿ.

ಊರಿನ ಹವೆಯೂ ಮುಖ್ಯ

ಒಂದೂರಿನಲ್ಲಿ ಸರಿಬಂದ ಬತ್ತಿ ಇನ್ನೊಂದೂರಿನಲ್ಲಿ ಹಾಗೆಯೇ ಇರಬೇಕೆಂದಿಲ್ಲ. ದಾವಣಗೆರೆ ಜಿಲ್ಲೆಯನ್ನೇ ನೋಡಿ. ಜಗಳೂರು ಬಯಲುಸೀಮೆಯ ಒಣನಾಡು. ಬೇಸಿಗೆಯಲ್ಲಿ ತಗಡಿನ ಮಾಡಿನ ಕೆಳಗಿಟ್ಟ ಸೋಯಾ ಬತ್ತಿ ಮೆತ್ತಗಾಗಿ, ತೈಲ ಬೆವರಿ, ದಾರ ವಾಲಬಹುದು. ಅಲ್ಲಿಗೆ ಹೆಚ್ಚು ಡಿಗ್ರಿಯಲ್ಲಿ ಕರಗುವ ಮೇಣವೇ ಲೇಸು. ಅಡಿಕೆ ತೋಟಗಳ ಚನ್ನಗಿರಿ, ಮಲೆನಾಡಿನ ಅಂಚಿನ ನ್ಯಾಮತಿ, ತುಂಗಭದ್ರೆಯ ದಡದ ಹೊನ್ನಾಳಿಗಳಲ್ಲಿ ಮಳೆಗಾಲದ ತೊಂದರೆ ಬೇರೆ. ತೇವಕ್ಕೆ ದಾರ ಥಂಡಿ ಹಿಡಿದು ಚಿಟಿಚಿಟಿ ಎನ್ನುತ್ತದೆ. ಜೊತೆಗೆ ಎರಚಲಿಗೆಂದು ಕಿಟಕಿ ಮುಚ್ಚುವುದರಿಂದ ಹೊಗೆ ಒಳಗೇ ನಿಲ್ಲುತ್ತದೆ. ಆದ್ದರಿಂದ ಬೇಸಿಗೆಗೊಮ್ಮೆ, ಮಳೆಗಾಲಕ್ಕೊಮ್ಮೆ ಪರೀಕ್ಷೆ ಪುನಃ ನಡೆಯಲಿ.

ತೋಟದ ಊರುಗಳಲ್ಲಿ ಅಡಿಕೆ ಹಾಳೆಯ ದೊನ್ನೆ, ತೆಂಗಿನ ಚಿಪ್ಪುಗಳಲ್ಲಿ ಮೇಣ ತುಂಬಿದರೆ ಚೆಂದ ಕಾಣಬಹುದು. ಆದರೆ ಇವೆರಡೂ ಹೊತ್ತಿ ಉರಿಯುವ ವಸ್ತುಗಳು. ತೆಳು ಚಹಾ ಲೋಟ ಶಾಖಕ್ಕೆ ಸಿಡಿಯಬಹುದು. ದಪ್ಪ ಗಾಜು ಅಥವಾ ಉಕ್ಕಿನ ಬಟ್ಟಲು ಬಳಸಿ, ಕೆಳಗೊಂದು ತಟ್ಟೆಯಿಡಿ. ಮೇಲೆ ಒಣ ಹೂವಿನ ಎಸಳು ಉದುರಿಸಬೇಡಿ.

ಸಿಟ್ರೊನೆಲ್ಲಾ ಬತ್ತಿಯನ್ನು ನಂಬಿ ಸೊಳ್ಳೆ ಪರದೆ ಬಿಡುವುದೂ ತಪ್ಪು. ಅದರ ಪರಿಣಾಮ ಅಲ್ಪ. ಡೆಂಗೆ ಹರಡುವ ಸೊಳ್ಳೆ ಕಚ್ಚುವುದು ಹೆಚ್ಚಾಗಿ ಹಗಲಿನಲ್ಲಿ. ತೋಟದಲ್ಲಿ ಬಿದ್ದ ಹಾಳೆಗಳಲ್ಲಿ ನಿಂತ ನೀರನ್ನು ಚೆಲ್ಲುವುದು ಹತ್ತು ಬತ್ತಿ ಹಚ್ಚುವುದಕ್ಕಿಂತ ಮೇಲು.

ಮಾಡುವವರ ಸುರಕ್ಷತೆ

ಹಚ್ಚುವವರಿಗಿಂತ ಹೆಚ್ಚು ಆವಿ ಕುಡಿಯುವವರು ತಯಾರಿಸುವವರು. ಬಿಸಿ ಮೇಣಕ್ಕೆ ತೈಲ ಬೆರೆಸುವಾಗ ಬಾಗಿಲು ಕಿಟಕಿ ತೆರೆದಿರಲಿ, ಮುಖವನ್ನು ಪಾತ್ರೆಯ ಮೇಲೆ ಬಗ್ಗಿಸಬೇಡಿ. ಮೇಣವನ್ನು ಎಂದೂ ನೇರ ಉರಿಯ ಮೇಲಿಡಬಾರದು. ನೀರು ಕುದಿಯುವ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಕರಗಿಸಿ. ಥರ್ಮಾಮೀಟರ್ ಇಟ್ಟು 80 ಡಿಗ್ರಿ ದಾಟದಂತೆ ನೋಡಿಕೊಳ್ಳಿ. ಸುಗಂಧ ತೈಲವನ್ನು ಒಲೆಯಿಂದ ಇಳಿಸಿದ ನಂತರವೇ ಬೆರೆಸಿ.

ಮೇಣಕ್ಕೆ ಬೆಂಕಿ ಹತ್ತಿದರೆ ನೀರು ಎರಚಬೇಡಿ. ನೀರು ಕ್ಷಣದಲ್ಲಿ ಆವಿಯಾಗಿ, ಹೊತ್ತಿದ ಮೇಣವನ್ನು ಸುತ್ತಲೂ ಚಿಮ್ಮಿಸುತ್ತದೆ. ಒಲೆ ಆರಿಸಿ, ತಟ್ಟೆ ಮುಚ್ಚಿ. ಅದಕ್ಕಾಗಿ ಸರಿಯಾಗಿ ಮುಚ್ಚುವ ತಟ್ಟೆಯೊಂದು ಪಕ್ಕದಲ್ಲೇ ಇರಲಿ.

ಮೈಮೇಲೆ ಬಿಸಿ ಮೇಣ ಬಿದ್ದರೆ ಮಾತ್ರ ನೀರೇ ಔಷಧ. ಕೂಡಲೇ 20 ನಿಮಿಷ ತಣ್ಣೀರು ಹರಿಸಿ. ಜಗಳೂರಿನಂತೆ ನೀರಿನ ಅಭಾವವಿರುವ ಕಡೆ ಒಲೆ ಹಚ್ಚುವ ಮೊದಲೇ ಎರಡು ಕೊಡ ನೀರು ತುಂಬಿಟ್ಟುಕೊಳ್ಳಿ. ಅಂಟಿದ ಮೇಣವನ್ನು ಕಿತ್ತರೆ ಚರ್ಮವೂ ಬರುತ್ತದೆ, ಆದ್ದರಿಂದ ಕೀಳಬೇಡಿ. ಟೂತ್‌ಪೇಸ್ಟ್, ಶಾಯಿ, ತುಪ್ಪ, ಅರಿಸಿನ ಹಚ್ಚಬೇಡಿ. ಮುಖ, ಕಣ್ಣು, ಕೈ ಅಥವಾ ಕೀಲುಗಳ ಮೇಲೆ ಸುಟ್ಟಿದ್ದರೆ, ಬೊಬ್ಬೆ ಅಂಗೈಗಿಂತ ದೊಡ್ಡದಾಗಿದ್ದರೆ, ಸುಟ್ಟದ್ದು ಮಗುವಾಗಿದ್ದರೆ ತಡಮಾಡದೆ ತಾಲ್ಲೂಕು ಆಸ್ಪತ್ರೆಗೆ ಹೋಗಿ. ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿ. ಹೆಚ್ಚಿನ ಚಿಕಿತ್ಸೆ ಬೇಕಾದರೆ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಯಿದೆ. ನ್ಯಾಮತಿಯವರಿಗೆ ಶಿವಮೊಗ್ಗವೇ ಹತ್ತಿರ.

ಪರೀಕ್ಷೆಯಲ್ಲಿ ಗೆದ್ದ ಬತ್ತಿಯನ್ನೂ ತಳದಲ್ಲಿ ಒಂದು ಸೆಂಟಿಮೀಟರ್ ಮೇಣ ಉಳಿದಾಗ ನಿಲ್ಲಿಸಿ. ಊದಿ ಆರಿಸಿದರೆ ಹೊಗೆ ಏಳುವುದರಿಂದ ಮುಚ್ಚಳ ಮುಚ್ಚಿ ಆರಿಸಿ. ಮಲಗುವ ಮೊದಲು ಆರಿಸುವುದನ್ನಂತೂ ಮರೆಯಲೇಬಾರದು. ಮಾರುವುದಾದರೆ ಮೇಣ ಯಾವುದು, ಸುಗಂಧ ಯಾವುದು, ಎಷ್ಟು ಹೊತ್ತು ಉರಿಸಬಹುದು ಎಂಬ ಚೀಟಿಯನ್ನು ಅಂಟಿಸಿ. ಪರೀಕ್ಷೆಗೆಂದು ಸುಟ್ಟ ಆರೇಳು ಬತ್ತಿಗಳ ಖರ್ಚು ನಷ್ಟವೆಂದು ತೋರಬಹುದು. ಒಂದು ಮಗುವಿನ ಉಬ್ಬಸಕ್ಕೆ, ಒಂದು ಕೈಯ ಸುಟ್ಟ ಗಾಯಕ್ಕೆ ಆಸ್ಪತ್ರೆಯಲ್ಲಿ ತೆರಬೇಕಾದ ಬೆಲೆಯ ಮುಂದೆ ಅದು ಏನೇನೂ ಅಲ್ಲ.