ಕೈಗೊಪ್ಪುವ ಸನ್ನೆಗೋಲು

ಮಕ್ಕಳಿರುವ ಮನೆಗಳಲ್ಲಿ ವಿಡಿಯೋ ಆಟದ ಕಂಟ್ರೋಲರನ್ನು ಕಾಣದವರು ಇಂದು ವಿರಳ. ಎರಡು ಅಂಗೈಗಳ ನಡುವೆ ಅಡಗುವ ಪ್ಲಾಸ್ಟಿಕ್ ಚಿಪ್ಪು, ಹೆಬ್ಬೆರಳಿಗೆ ನಿಲುಕುವಂತೆ ನಾಲ್ಕಾರು ಗುಂಡಿಗಳು, ಇಷ್ಟೇ ಅದರ ಹೊರರೂಪ. ಸಾವಿರಾರು ರೂಪಾಯಿ ತೆತ್ತು ಅಂತಹದೊಂದನ್ನು ಕೊಂಡುತಂದು, ಅಂದೇ ಅದರ ತಿರುಪುಗಳನ್ನು ಬಿಚ್ಚಿ, ಒಳಗಿನ ಸರ್ಕ್ಯೂಟ್ ಹಲಗೆಯೊಂದನ್ನು ಮಾತ್ರ ಉಳಿಸಿಕೊಂಡು, ಮಿಕ್ಕುದನ್ನೆಲ್ಲ ಮೂಲೆಗೆಸೆಯುವವರನ್ನು ಏನೆನ್ನಬೇಕು? ಹುಚ್ಚರೆಂದು ತೀರ್ಮಾನಿಸುವ ಮೊದಲು ಅವರ ಕಸುಬನ್ನು ತುಸು ಪರಿಚಯ ಮಾಡಿಕೊಳ್ಳುವುದು ಒಳ್ಳೆಯದು.

ಅವರು ಆ ಹಲಗೆಗೆ ಸಣ್ಣ ತಂತಿಗಳನ್ನು ಬೆಸೆಯುತ್ತಾರೆ. ಅದನ್ನು ಮರದ ಪೆಟ್ಟಿಗೆಯೊಂದರಲ್ಲಿ ಕೂರಿಸುತ್ತಾರೆ. ಪೆಟ್ಟಿಗೆಯ ಮೇಲ್ಭಾಗದಲ್ಲಿ ಒಂದು ಸನ್ನೆಗೋಲನ್ನೂ ಆರೋ ಎಂಟೋ ದೊಡ್ಡ ಗುಂಡಿಗಳನ್ನೂ ನಿಲ್ಲಿಸುತ್ತಾರೆ. ಹೀಗೆ ಸಿದ್ಧವಾದ ಸಾಧನಕ್ಕೆ ಆರ್ಕೇಡ್ ಸ್ಟಿಕ್ ಎಂದು ಹೆಸರು. ಕಾರ್ಖಾನೆಯವರು ಒಂದು ಬಗೆಯ ಕೈಗೆಂದು ಮಾಡಿದ್ದನ್ನು ತಮ್ಮ ಕೈಗೆ ಹೊಂದಿಸಿಕೊಳ್ಳುವ ವಿದ್ಯೆ ಇದು.

ನಾಣ್ಯದ ಯಂತ್ರದಿಂದ ಮನೆಯೊಳಕ್ಕೆ

ವಿಡಿಯೋ ಆಟಗಳು ಬಾಲ್ಯವನ್ನು ಕಳೆದದ್ದು ಮನೆಗಳಲ್ಲಲ್ಲ, ನಾಣ್ಯ ಹಾಕಿ ಆಡುವ ಯಂತ್ರಶಾಲೆಗಳಲ್ಲಿ. 1972ರಲ್ಲಿ ಅಮೆರಿಕದ ಅಟಾರಿ ಸಂಸ್ಥೆಯ ‘ಪಾಂಗ್’ ಬಂದಿತು; 1978ರಲ್ಲಿ ಜಪಾನಿನ ಟೈಟೋ ಸಂಸ್ಥೆಯ ‘ಸ್ಪೇಸ್ ಇನ್‌ವೇಡರ್ಸ್’ ಬಂದಿತು; 1980ರಲ್ಲಿ ‘ಪ್ಯಾಕ್‌ಮನ್’ ಲೋಕವನ್ನೇ ಮರುಳುಗೊಳಿಸಿತು. ಆಳೆತ್ತರದ ಆ ಪೆಟ್ಟಿಗೆಗಳ ಮುಂದೆ ನಿಂತವನು ಎಡಗೈಯಲ್ಲಿ ಕೋಲನ್ನು ಹಿಡಿದು, ಬಲಗೈಯ ಬೆರಳುಗಳಿಂದ ಗುಂಡಿಗಳನ್ನು ಬಡಿಯುತ್ತಿದ್ದ. ಮಣಿಕಟ್ಟೂ ತೋಳೂ ಆಟದಲ್ಲಿ ಪಾಲ್ಗೊಳ್ಳುತ್ತಿದ್ದವು.

ಆಟವು ಮನೆಯನ್ನು ಹೊಕ್ಕಾಗ ಸಾಧನವು ಕುಗ್ಗಬೇಕಾಯಿತು. ಜಪಾನಿನ ನಿಂಟೆಂಡೋ ಸಂಸ್ಥೆಯ ಗುನ್‌ಪೈ ಯೊಕೊಯಿ ಎಂಬ ವಿನ್ಯಾಸಕಾರರು 1982ರಲ್ಲಿ ಕೈಯಲ್ಲಿ ಹಿಡಿದಾಡುವ ಆಟವೊಂದಕ್ಕಾಗಿ ಕೂಡುಚಿಹ್ನೆಯ ಆಕಾರದ ಪುಟ್ಟ ಗುಂಡಿಯನ್ನು ರೂಪಿಸಿದರು. ಕೋಲು ಮಾಡುತ್ತಿದ್ದ ಕೆಲಸವನ್ನು ಹೆಬ್ಬೆರಳೊಂದೇ ಮಾಡತೊಡಗಿತು. ಮುಂದಿನ ವರ್ಷ ಬಂದ ಫ್ಯಾಮಿಕಾಮ್ ಯಂತ್ರವೂ ಅದನ್ನೇ ಅಳವಡಿಸಿಕೊಂಡಿತು. ಬಹುಮಂದಿಗೆ ಇದು ವರವೇ ಆಯಿತು.

ಆದರೆ 1991ರಲ್ಲಿ ಕ್ಯಾಪ್‌ಕಾಮ್ ಸಂಸ್ಥೆಯ ‘ಸ್ಟ್ರೀಟ್ ಫೈಟರ್ 2’ ಎಂಬ ಕಾಳಗದ ಆಟ ಬಂದಾಗ ಪರಿಸ್ಥಿತಿ ಬದಲಾಯಿತು. ಅದಕ್ಕೆ ಎಂಟು ದಿಕ್ಕುಗಳ ಕೋಲು, ಮೂರು ಗುದ್ದಿಗೆ ಮೂರು ಒದೆತಕ್ಕೆ ಒಟ್ಟು ಆರು ಗುಂಡಿಗಳು. ಕೋಲನ್ನು ಕೆಳಗೆ, ಓರೆಗೆ, ಮುಂದಕ್ಕೆ ಎಂದು ಕಾಲು ವೃತ್ತ ಸುತ್ತಿಸಿ ಗುಂಡಿ ಒತ್ತಿದರೆ ಮಾತ್ರ ಬೆಂಕಿಯ ಚೆಂಡು ಹಾರುವುದು. ಇಂತಹ ಆಟಗಳಲ್ಲಿ ಕಾಲವನ್ನು ಅಳೆಯುವುದು ಸೆಕೆಂಡಿನ ಅರುವತ್ತನೆಯ ಒಂದು ಭಾಗದಿಂದ. ಯಂತ್ರಶಾಲೆಯಲ್ಲಿ ಕೈ ಪಳಗಿಸಿಕೊಂಡಿದ್ದವರಿಗೆ ಮನೆಯ ಪುಟ್ಟ ಗುಂಡಿ ಸಾಲದೆ ಹೋಯಿತು.

ಪಳಗಿದ ಕೈ ಏನನ್ನು ಸಾಧಿಸಬಲ್ಲದೆಂಬುದಕ್ಕೆ 2004ರ ಒಂದು ಪಂದ್ಯವನ್ನು ಇಂದಿಗೂ ನೆನೆಯುತ್ತಾರೆ. ಅಮೆರಿಕದ ಈವೋ ಪಂದ್ಯಾವಳಿಯಲ್ಲಿ ಜಪಾನಿನ ಡೈಗೋ ಉಮೆಹಾರಾ ಅವರ ಆಟಗಾರನಿಗೆ ಉಳಿದಿದ್ದುದು ಕೂದಲೆಳೆಯಷ್ಟು ಪ್ರಾಣ. ಹೊಡೆತವನ್ನು ಬರಿದೆ ತಡೆದರೂ ಸೋಲು ಖಂಡಿತ. ಎದುರಾಳಿ ಜಸ್ಟಿನ್ ವಾಂಗ್ ಒದೆತಗಳ ಸರಮಾಲೆಯನ್ನೇ ಹೂಡಿದರು. ಪ್ರತಿಯೊಂದು ಒದೆತವೂ ತಗಲುವ ಕ್ಷಣಕ್ಕೆ ಸರಿಯಾಗಿ ಡೈಗೋ ಎದುರಾಳಿಯ ಕಡೆಗೇ ಒತ್ತಿ ಒಂದನ್ನೂ ಬಿಡದೆ ತಪ್ಪಿಸಿ, ಮರುಗಳಿಗೆಯಲ್ಲಿ ಆ ಸುತ್ತನ್ನು ಗೆದ್ದರು. ನೆರೆದ ಜನರ ಕೇಕೆಯ ಚಿತ್ರಸುರುಳಿಯನ್ನು ಇಂದಿಗೂ ನೋಡಬಹುದು.

ಹಲಗೆಯ ಒಳಗುಟ್ಟು

ಕಂಟ್ರೋಲರಿನ ಒಳಗಡೆ ಇರುವುದಾದರೂ ಏನು? ಗುಂಡಿಯ ಕೆಳಗೆ ರಬ್ಬರಿನ ಪುಟ್ಟ ಗುಮ್ಮಟ. ಅದರ ತಳದಲ್ಲಿ ಇಂಗಾಲ ಬೆರೆಸಿದ ಕರಿಯ ಬಿಲ್ಲೆ. ಅದರಡಿಯ ಹಲಗೆಯ ಮೇಲೆ, ಎರಡು ಬಾಚಣಿಗೆಗಳ ಹಲ್ಲುಗಳು ಒಂದರೊಳಗೊಂದು ಹೊಕ್ಕಂತೆ, ಮುಟ್ಟಿಯೂ ಮುಟ್ಟದ ಎರಡು ಗೆರೆಗಳು. ಗುಂಡಿಯನ್ನು ಒತ್ತಿದಾಗ ಕರಿಯ ಬಿಲ್ಲೆ ಅವೆರಡನ್ನೂ ಕೂಡಿಸುತ್ತದೆ. ಗೆರೆಗಳಲ್ಲಿ ಒಂದರಲ್ಲಿ ಕೆಲವೇ ವೋಲ್ಟುಗಳ ಒತ್ತಡ ಸದಾ ಇರುತ್ತದೆ. ಇನ್ನೊಂದು ‘ನೆಲ’ದ ಗೆರೆ, ಅಂದರೆ ಶೂನ್ಯ ಒತ್ತಡದ್ದು. ಎರಡೂ ಕೂಡಿದಾಗ ಮೊದಲನೆಯದರ ಒತ್ತಡ ಕುಸಿಯುತ್ತದೆ. ಒಳಗಿನ ಚಿಪ್ ಅದನ್ನು ಕಂಡು, ‘ಗುಂಡಿ ಒತ್ತಿದರು’ ಎಂದು ಯಂತ್ರಕ್ಕೆ ವರದಿ ಕಳುಹಿಸುತ್ತದೆ.

ಗುಟ್ಟೆಲ್ಲ ಇಷ್ಟೇ. ಎರಡು ಗೆರೆಗಳನ್ನು ಕೂಡಿಸಿದ್ದು ರಬ್ಬರಿನ ಬಿಲ್ಲೆಯೋ, ಒಂದು ಮೊಳ ತಂತಿಯ ತುದಿಯಲ್ಲಿರುವ ದೊಡ್ಡ ಗುಂಡಿಯೋ ಎಂಬುದು ಚಿಪ್ಪಿಗೆ ತಿಳಿಯದು. ಆ ಅಜ್ಞಾನವೇ ಈ ಕಸುಬಿನ ಬಂಡವಾಳ.

ಕೆಲಸಗಾರನು ಮೊದಲು ಮಲ್ಟಿಮೀಟರಿನಿಂದ ಹಲಗೆಯನ್ನು ಪರೀಕ್ಷಿಸುತ್ತಾನೆ. ಎಲ್ಲ ಗುಂಡಿಗಳಿಗೂ ನೆಲದ ಗೆರೆ ಒಂದೇ ಆಗಿದ್ದರೆ ಅವನ ಅದೃಷ್ಟ. ಆಗ ಗುಂಡಿಗೊಂದರಂತೆ ತಂತಿ, ಎಲ್ಲಕ್ಕೂ ಸೇರಿ ಹೂಮಾಲೆಯಂತೆ ಪೋಣಿಸಿದ ಒಂದು ನೆಲದ ತಂತಿ, ಇಷ್ಟು ಸಾಕು. ಮೊದಲ ಪ್ಲೇಸ್ಟೇಷನ್ನಿನ ಸರಳ ಕಂಟ್ರೋಲರು ಈ ಜಾತಿಯದು; ಆದುದರಿಂದಲೇ ಅದು ಈ ಹವ್ಯಾಸಿಗಳ ಅಚ್ಚುಮೆಚ್ಚಾಗಿತ್ತು. ಇನ್ನು ಕೆಲವು ಹಲಗೆಗಳಲ್ಲಿ ಗೆರೆಗಳು ನೇಯ್ಗೆಯ ಹಾಸುಹೊಕ್ಕಿನಂತೆ ಹೆಣೆದುಕೊಂಡಿರುತ್ತವೆ. ಅಲ್ಲಿ ಒಂದೊಂದು ಗುಂಡಿಗೂ ಎರಡೆರಡು ತಂತಿಗಳನ್ನು ಬೇರೆಬೇರೆಯಾಗಿ ಒಯ್ಯಬೇಕು.

ಬಳಿಕ ಗೆರೆಯ ಮೇಲಿನ ಲೇಪನವನ್ನು ಚೂರಿಯ ಮೊನೆಯಿಂದ ಮೆಲ್ಲನೆ ಕೆರೆದು, ತಾಮ್ರವು ಮಿನುಗುವಂತೆ ಮಾಡಿ, ಬೆಸುಗೆಯ ತೊಟ್ಟಿಟ್ಟು ತಂತಿಯನ್ನು ಕೂರಿಸಬೇಕು. ಇಲ್ಲಿ ಅವಸರ ಸಲ್ಲದು. ಕಾವು ಹೆಚ್ಚಾದರೆ ತೆಳುವಾದ ತಾಮ್ರದ ಗೆರೆಯೇ ಕಿತ್ತುಬರುತ್ತದೆ. ತಂತಿಯನ್ನು ಅರಿಯದೆ ಜಗ್ಗಿದರೂ ಅದೇ ಗತಿ. ಆದ್ದರಿಂದ ಬೆಸುಗೆಯ ಮೇಲೆ ಬಿಸಿ ಅಂಟಿನ ತೊಟ್ಟೊಂದನ್ನು ಇಟ್ಟು ಭದ್ರಪಡಿಸುವುದು ವಾಡಿಕೆ. ಒತ್ತಿದಷ್ಟೂ ಹೆಚ್ಚುವ ಎಳೆಗುಂಡಿಗಳಿದ್ದರೆ, ಅವುಗಳನ್ನು ತೆಗೆದ ಜಾಗದಲ್ಲಿ ತಕ್ಕ ರೋಧಕಗಳನ್ನು ಹಾಕಬೇಕು. ಇಲ್ಲವಾದರೆ ಯಾರೋ ಸದಾ ಒತ್ತಿ ಹಿಡಿದಿರುವರೆಂದು ಯಂತ್ರವು ಭ್ರಮಿಸೀತು.

ಸನ್ನೆಗೋಲು ಮತ್ತು ಗುಂಡಿಗಳು ಹೆಚ್ಚಾಗಿ ಜಪಾನಿನ ಸನ್ವಾ ಹಾಗೂ ಸೈಮಿತ್ಸು ಸಂಸ್ಥೆಗಳವು. ಗುಂಡಿಯ ರಂಧ್ರ ಸಾಮಾನ್ಯವಾಗಿ 30 ಮಿಲಿಮೀಟರ್. ಕೋಲಿನ ಬುಡದಲ್ಲಿ ನಾಲ್ಕು ದಿಕ್ಕಿಗೆ ನಾಲ್ಕು ಪುಟ್ಟ ಸ್ವಿಚ್ಚುಗಳು. ಓರೆಯಾಗಿ ಬಾಗಿಸಿದರೆ ಎರಡು ಒಮ್ಮೆಗೇ ‘ಟಿಕ್’ ಎನ್ನುತ್ತವೆ.

ಹಾಗಾದರೆ ಕಂಟ್ರೋಲರನ್ನೇ ಬಲಿಕೊಡುವುದೇಕೆ, ಹಲಗೆಯನ್ನೇ ಹೊಸದಾಗಿ ಮಾಡಬಾರದೆ ಎಂಬ ಪ್ರಶ್ನೆ ಏಳುವುದು ಸಹಜ. ಎಕ್ಸ್‌ಬಾಕ್ಸ್ 360ರಂತಹ ಯಂತ್ರಗಳು ತಮ್ಮ ಒಡೆಯರ ಅನುಮತಿಯ ಗುರುತನ್ನು ಹೊತ್ತ ಚಿಪ್ ಇಲ್ಲದ ಕಂಟ್ರೋಲರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಬಾಗಿಲ ಕಾವಲುಗಾರನನ್ನು ದಾಟಲು ಅಧಿಕೃತ ಹಲಗೆಯೇ ರಹದಾರಿ. ಕಂಪ್ಯೂಟರಿಗೆ ಮಾತ್ರ ಈ ಕಟ್ಟುಪಾಡಿಲ್ಲ. 2021ರಲ್ಲಿ ಬಂದ ರಾಸ್ಪ್‌ಬೆರಿ ಪೈ ಪಿಕೋ ಎಂಬ ಅಗ್ಗದ ಪುಟ್ಟ ಹಲಗೆಗೆ ಉಚಿತವಾಗಿ ದೊರೆಯುವ ತಂತ್ರಾಂಶವನ್ನು ತುಂಬಿ ಇದೇ ಕೆಲಸ ಮಾಡಿಸಬಹುದು.

ನಮ್ಮವರಿಗೆ ಹೊಸದೇನಲ್ಲ

ಹೊರಗಿನಿಂದ ಬಂದ ಯಂತ್ರವನ್ನು ಬಿಚ್ಚಿ ನಮ್ಮ ಕೈಗೆ ಹೊಂದಿಸಿಕೊಳ್ಳುವುದು ನಮ್ಮ ನಾಡಿಗೆ ಅಪರಿಚಿತವಲ್ಲ. ಭಜನೆಗೂ ನಾಟಕಕ್ಕೂ ಬೆನ್ನೆಲುಬಾದ ಹಾರ್ಮೋನಿಯಂ ಯುರೋಪಿನಿಂದ ಬಂದಾಗ ಕುರ್ಚಿಯಲ್ಲಿ ಕುಳಿತು ಕಾಲಿನಿಂದ ತುಳಿಯುವ ವಾದ್ಯವಾಗಿತ್ತು. ಕಲ್ಕತ್ತೆಯ ದ್ವಾರಕಾನಾಥ ಘೋಷರು 1875ರ ಸುಮಾರಿಗೆ ಅದರ ತಿದಿಯನ್ನು ಬೆನ್ನಿಗೆ ಸರಿಸಿ, ನೆಲದ ಮೇಲೆ ಕುಳಿತು ಕೈಯಿಂದ ಊದುವಂತೆ ಮಾಡಿದರು.

ಕನ್ನಡದ ಕೀಲಿಮಣೆಯದೂ ಇಂತಹುದೇ ಕಥೆ. ಕಿನ್ನಿಕಂಬಳದ ಕೆ. ಪಿ. ರಾವ್ ಅವರು ಇಂಗ್ಲಿಷಿನ 26 ಅಕ್ಷರಗಳ ಕೀಲಿಗಳಲ್ಲೇ ಇಡೀ ಕನ್ನಡ ವರ್ಣಮಾಲೆಯನ್ನು ಉಚ್ಚಾರಣೆಗೆ ಅನುಗುಣವಾಗಿ ಹೊಂದಿಸಿದರು. ಒತ್ತಕ್ಷರಕ್ಕೆ ‘ಎಫ್’ ಕೀಲಿ ಕೊಂಡಿಯಾಯಿತು. ಕರ್ನಾಟಕ ಸರ್ಕಾರವು ಅಂಗೀಕರಿಸಿದ ಆ ವಿನ್ಯಾಸವೇ ‘ನುಡಿ’ ತಂತ್ರಾಂಶದಲ್ಲಿ ನೆಲೆಯೂರಿತು. ಕೀಲಿ ಅದೇ, ತಂತಿ ಅದೇ. ಅದಕ್ಕೆ ಕೊಟ್ಟ ಅರ್ಥ ಮಾತ್ರ ನಮ್ಮದು.

ಆಟಕ್ಕಿಂತ ಮಿಗಿಲಾದುದು

ಕಾಳಗದ ಆಟವನ್ನು ಗೆಲ್ಲುವುದಷ್ಟೇ ಫಲವಾಗಿದ್ದರೆ ಈ ಕಸುಬನ್ನು ವಿನೋದವೆಂದು ಕರೆದು ಮುಗಿಸಬಹುದಿತ್ತು. ಆದರೆ ಹೆಬ್ಬೆರಳೇ ಆಡದವರು, ಕೈಯೇ ಏಳದವರು, ಹಿಡಿತವೇ ನಿಲ್ಲದ ಮಕ್ಕಳು, ಇವರಿಗೆ ಅಂಗಡಿಯ ಕಂಟ್ರೋಲರು ಮುಚ್ಚಿದ ಬಾಗಿಲು. ಅದೇ ಎರಡು ಗೆರೆಗಳಿಂದ ತಂತಿಯನ್ನು ಹೊರತಂದು, ಅಂಗೈಯಗಲದ ಗುಂಡಿಯೊಂದಕ್ಕೆ ಜೋಡಿಸಿದರೆ ಮೊಣಕೈಯಿಂದಲೋ ಪಾದದಿಂದಲೋ ಗಲ್ಲದಿಂದಲೋ ಒತ್ತಬಹುದು.

ಅಮೆರಿಕದ ಮೊಂಟಾನಾ ರಾಜ್ಯದ ನಿವೃತ್ತ ಎಂಜಿನಿಯರ್ ಕೆನ್ ಯಾಂಕೆಲೆವಿಟ್ಜ್ ಅವರು 1980ರ ದಶಕದಿಂದ ಮೂರು ದಶಕಗಳ ಕಾಲ, ಕೈಕಾಲು ಸ್ವಾಧೀನದಲ್ಲಿಲ್ಲದವರು ಬಾಯಿಂದ ನಡೆಸಬಲ್ಲ ಕಂಟ್ರೋಲರುಗಳನ್ನು ತಮ್ಮ ಕೈಯಾರೆ ಮಾಡಿಕೊಟ್ಟರು. 1989ರಲ್ಲಿ ನಿಂಟೆಂಡೋ ಸಂಸ್ಥೆಯೇ ಎದೆಗೆ ಕಟ್ಟಿಕೊಳ್ಳುವ ಸಾಧನವೊಂದನ್ನು ಹೊರತಂದಿತು. ಗಲ್ಲದಿಂದ ಕೋಲು, ಕೊಳವೆಯನ್ನು ಹೀರಿ ಊದಿ ಗುಂಡಿ. 2018ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ತಂದ ಅಡಾಪ್ಟಿವ್ ಕಂಟ್ರೋಲರಿನ ಹಿಂಬದಿಯಲ್ಲಿ 3.5 ಮಿಲಿಮೀಟರಿನ 19 ರಂಧ್ರಗಳಿವೆ. ಒಂದೊಂದು ರಂಧ್ರವೂ ಒಂದೊಂದು ಗುಂಡಿಗೆ ಸಮ. ಅದಕ್ಕೆ ಬೇಕಾದ ಸ್ವಿಚ್ಚನ್ನು ಚುಚ್ಚಿಕೊಳ್ಳಬಹುದು. ಹವ್ಯಾಸಿಗಳು ಅಡುಗೆಮನೆಯ ಮೇಜಿನ ಮೇಲೆ ಬೆಸೆಯುತ್ತಿದ್ದುದನ್ನೇ ಕಾರ್ಖಾನೆಯು ಕೊನೆಗೆ ಒಪ್ಪಿಕೊಂಡಂತಾಯಿತು.

ದುಬಾರಿ ಯಂತ್ರಗಳಿಲ್ಲದ ಮನೆಗಳಿಗೂ ಈ ವಿದ್ಯೆ ಸಲ್ಲುತ್ತದೆ. ಬ್ಯಾಟರಿಯಿಂದ ಓಡುವ ಸಾಮಾನ್ಯ ಆಟಿಕೆಯನ್ನು ತೆಗೆದುಕೊಳ್ಳಿ. ಬ್ಯಾಟರಿಗೂ ಅದು ಮುಟ್ಟುವ ಲೋಹದ ಪಟ್ಟಿಗೂ ನಡುವೆ, ಒಂದನ್ನೊಂದು ತಾಗದಂತೆ ಬೇರ್ಪಡಿಸಿದ ಎರಡು ತೆಳು ತಾಮ್ರದ ಬಿಲ್ಲೆಗಳನ್ನು ತೂರಿಸಿ, ಅವುಗಳಿಂದ ಎರಡು ತಂತಿಗಳನ್ನು ಹೊರಗೆಳೆದು, ದೊಡ್ಡ ಗುಂಡಿಯೊಂದಕ್ಕೆ ಸೇರಿಸಿದರೆ ಮುಗಿಯಿತು. ಆಟಿಕೆಯ ಸ್ವಿಚ್ಚನ್ನು ಚಾಲೂ ಮಾಡಿಟ್ಟರೆ, ಮಗು ಗುಂಡಿಯನ್ನು ಒತ್ತಿದಾಗ ಮಾತ್ರ ಬೊಂಬೆ ಕುಣಿಯುತ್ತದೆ, ಬಿಟ್ಟಾಗ ನಿಲ್ಲುತ್ತದೆ. ಗೋಡೆಯ ವಿದ್ಯುತ್ತಿಗೆ ಜೋಡಿಸುವ ವಸ್ತುಗಳಲ್ಲಿ ಮಾತ್ರ ಈ ಪ್ರಯೋಗ ಎಂದಿಗೂ ಸಲ್ಲದು.

ಇದಕ್ಕೆ ಬೇಕಾದ ಬೆಸುಗೆಯ ಕಡ್ಡಿಯೂ ಮಲ್ಟಿಮೀಟರೂ ಮೊಬೈಲು ದುರಸ್ತಿ ಮಾಡುವವರ ನಿತ್ಯದ ಸಲಕರಣೆಗಳೇ. ಅದಕ್ಕಾಗಿ ಬೆಂಗಳೂರಿಗೋ ಟೋಕಿಯೋಗೋ ಹೋಗಬೇಕಾಗಿಲ್ಲ. ವಿಜಯಪುರ ಜಿಲ್ಲೆಯ ಹೂವಿನ ಹಿಪ್ಪರಗಿಯಂತಹ ಊರಿನಲ್ಲಿಯೂ ಒಂದು ಸಂಜೆಯ ಬಿಡುವಿನಲ್ಲಿ ಮಾಡಿ ಮುಗಿಸಬಹುದಾದ ಕೆಲಸ ಇದು. ಎಲ್ಲವನ್ನೂ ಪರರೇ ಮಾಡಿಕೊಡುವುದನ್ನು ನೋಡುತ್ತ ಕುಳಿತ ಮಗುವಿಗೆ, ತಾನು ಒತ್ತಿದ್ದರಿಂದಲೇ ಏನೋ ಒಂದು ನಡೆಯಿತೆಂಬ ಅರಿವು ಸಣ್ಣದಲ್ಲ. ಎರಡು ತಂತಿಗಳು ಕೂಡಿದರೆ ಅಷ್ಟು ಸಾಧ್ಯ. ಕೂಡಿಸುವವರು ಯಾರಾದರೊಬ್ಬರು ಬೇಕು.