ಎಡಿಟರ್ ವೈರಿಯಲ್ಲ, ಪ್ರತ್ಯಕ್ಷದರ್ಶಿಯೂ ಅಲ್ಲ

ಸಾಮಾನ್ಯ ಗಿರಾಕಿಯಂತೆ ಅಂಗಡಿಗೋ ಬ್ಯಾಂಕಿಗೋ ಹೋಟೆಲಿಗೋ ಹೋಗಿ, ಅಲ್ಲಿ ಸಿಕ್ಕ ಸೇವೆ ಹೇಗಿತ್ತೆಂದು ಆಮೇಲೆ ವರದಿ ಬರೆದುಕೊಡುವ ಕೆಲಸಕ್ಕೆ ಮಿಸ್ಟರಿ ಶಾಪಿಂಗ್ ಎನ್ನುತ್ತಾರೆ. ನೌಕರರ ಕಳ್ಳತನ ಪತ್ತೆಹಚ್ಚಲೆಂದು ಅಮೆರಿಕದಲ್ಲಿ ಶುರುವಾದ ಈ ಪದ್ಧತಿಗೆ 1940ರ ದಶಕದಲ್ಲಿ ಈಗಿನ ಹೆಸರು ಬಂತು. ಇಂದು ನಮ್ಮ ನಗರಗಳಲ್ಲೂ ಇದನ್ನು ಫ್ರೀಲಾನ್ಸ್ ದುಡಿಮೆಯಾಗಿ ಮಾಡುವವರಿದ್ದಾರೆ. ಭೇಟಿ ಮುಗಿದ ಮೇಲೆ ಸಾಮಾನ್ಯವಾಗಿ 12ರಿಂದ 24 ಗಂಟೆಯೊಳಗೆ ಆನ್‌ಲೈನ್ ಫಾರಂ ತುಂಬಬೇಕು. ಅದು ನೇರವಾಗಿ ಕ್ಲೈಂಟ್ ಕೈಗೆ, ಅಂದರೆ ವರದಿ ಬಯಸಿದ ಸಂಸ್ಥೆಗೆ, ಹೋಗುವುದಿಲ್ಲ. ನಡುವೆ, ಭೇಟಿ ಏರ್ಪಡಿಸಿದ ಮಿಸ್ಟರಿ ಶಾಪಿಂಗ್ ಕಂಪನಿಯ ಪರವಾಗಿ ಒಬ್ಬ ಎಡಿಟರ್ ಓದುತ್ತಾರೆ, ಪ್ರಶ್ನೆ ಕೇಳುತ್ತಾರೆ, ತಿದ್ದುತ್ತಾರೆ, ಕೆಲವೊಮ್ಮೆ ವರದಿಯನ್ನೇ ವಾಪಸ್ ಕಳಿಸುತ್ತಾರೆ. ಮನಸ್ತಾಪ ಹುಟ್ಟುವುದು ಇಲ್ಲೇ. ‘ಹೋದವನು ನಾನು, ನೋಡಿದವನು ನಾನು, ಎಲ್ಲೋ ಕೂತವರು ನನ್ನ ಉತ್ತರ ತಿದ್ದುವುದೇನು?’ ಎಂಬುದು ಶಾಪರ್‌ಗಳಲ್ಲಿ ಬೇರೂರಿದ ಒಂದು ಭಾವನೆ. ‘ಎಡಿಟರ್ ಹೇಳಿದ್ದಕ್ಕೆಲ್ಲ ಹೂಂ ಅಂದುಬಿಡಬೇಕು, ಎದುರಾಡಿದರೆ ಮುಂದಿನ ಕೆಲಸ ಸಿಗದು’ ಎಂಬುದು ಇನ್ನೊಂದು. ಎರಡೂ ತಪ್ಪು. ಯಾರ ಮಾತು ನಡೆಯಬೇಕು ಎಂಬ ಹಟದಿಂದ ಹೊರಬಂದು, ಯಾವ ವಿಷಯದಲ್ಲಿ ಯಾರಿಗೆ ಅಧಿಕಾರ ಎಂದು ಕೇಳಿಕೊಂಡರೆ ಬಹುತೇಕ ಜಗಳಗಳು ಅಲ್ಲಿಗೇ ಇತ್ಯರ್ಥವಾಗುತ್ತವೆ. ಭಾಷೆ ಮತ್ತು ಆ ಭೇಟಿಗೆ ಗೊತ್ತುಮಾಡಿದ ನಿಯಮ, ಅಂದರೆ ಗೈಡ್‌ಲೈನ್, ಎಡಿಟರ್‌ಗೆ ಸೇರಿದ್ದು. ಕಂಡ ಸಂಗತಿ ಶಾಪರ್‌ಗೆ ಸೇರಿದ್ದು, ಅದೂ ಆಧಾರ ಇರುವಷ್ಟರ ಮಟ್ಟಿಗೆ.

ಎಡಿಟರ್ ಎಂದರೆ ಕಾಗುಣಿತ, ವ್ಯಾಕರಣ ನೋಡುವವರು ಎಂಬ ಕಲ್ಪನೆಯಿಂದಲೇ ಅರ್ಧ ಸಿಟ್ಟು ಹುಟ್ಟುತ್ತದೆ. ವಾಸ್ತವದಲ್ಲಿ ಅವರು ಮೊದಲು ಹುಡುಕುವುದು ವರದಿ ತನಗೆ ತಾನೇ ವಿರುದ್ಧವಾಗಿ ಮಾತಾಡುವ ಜಾಗಗಳನ್ನು. ಬಿಲ್ಲಿನಲ್ಲಿ ಅಚ್ಚಾದ ಸಮಯವೂ ಫಾರಂನಲ್ಲಿ ಬರೆದ ಸಮಯವೂ ತಾಳೆಯಾಗುತ್ತವೆಯೇ, ‘ಹೌದು–ಇಲ್ಲ’ ಉತ್ತರ ಹೇಳಿದ್ದನ್ನೇ ಕೆಳಗಿನ ವಿವರಣೆಯೂ ಹೇಳುತ್ತದೆಯೇ, ಫೋಟೋ ಅದೇ ಶಾಖೆಯದೇ, ಸಿಬ್ಬಂದಿಯ ಚಹರೆ ಒಂದು ಪುಟದಲ್ಲಿ ಒಂದು ತರಹ, ಇನ್ನೊಂದರಲ್ಲಿ ಇನ್ನೊಂದು ತರಹ ಇದೆಯೇ ಎಂದು ನೋಡುತ್ತಾರೆ. ಇಷ್ಟು ಕಟ್ಟುನಿಟ್ಟಿಗೆ ಕಾರಣವಿದೆ. ವರದಿಯನ್ನು ಅತ್ಯಂತ ಎಚ್ಚರದಿಂದ ಓದುವವರು ಕ್ಲೈಂಟ್‌ನ ಮುಖ್ಯ ಕಚೇರಿಯವರಲ್ಲ, ಆ ಶಾಖೆಯ ಮ್ಯಾನೇಜರ್. ಕಡಿಮೆ ಅಂಕ ಬಂದರೆ ವರದಿಯನ್ನು ಪ್ರಶ್ನಿಸುವ ಅವಕಾಶ ಅನೇಕ ಕ್ಲೈಂಟ್‌ಗಳಲ್ಲಿ ಅವರಿಗಿರುತ್ತದೆ. ಅವರ ಹತ್ತಿರ ಸಿಸಿಟಿವಿ ದೃಶ್ಯವಿದೆ, ಡ್ಯೂಟಿ ಪಟ್ಟಿಯಿದೆ, ಬಿಲ್ಲಿಂಗ್ ದಾಖಲೆಯಿದೆ. ಶಾಪರ್ ಕಡೆ ಇರುವುದು ಬರೆದ ನಾಲ್ಕು ಸಾಲು. ಆ ಸಾಲುಗಳು ಒಂದಕ್ಕೊಂದು ಹೊಂದದಿದ್ದರೆ ಇಡೀ ವರದಿ ಬಿದ್ದುಹೋಗುತ್ತದೆ, ಅದರಲ್ಲಿದ್ದ ನಿಜವೂ ಬೀಳುತ್ತದೆ. ಮ್ಯಾನೇಜರ್ ನಾಳೆ ಕೇಳಬಹುದಾದ ಪ್ರಶ್ನೆಯನ್ನು ಎಡಿಟರ್ ಇಂದೇ ಕೇಳುತ್ತಿದ್ದಾರೆ. ಅದನ್ನು ಅಪನಂಬಿಕೆ ಎಂದು ಓದಿಕೊಳ್ಳುವುದು ಶಾಪರ್‌ಗೇ ನಷ್ಟ.

ಒಂದು ಉದಾಹರಣೆ ಬಿಡಿಸಿ ನೋಡೋಣ. ಮೊಬೈಲ್ ಅಂಗಡಿಯ ವರದಿ ಎಂದುಕೊಳ್ಳಿ. ‘ಒಳಗೆ ಬಂದ 2 ನಿಮಿಷದೊಳಗೆ ಸಿಬ್ಬಂದಿ ನಿಮ್ಮನ್ನು ಮಾತನಾಡಿಸಿ ಸ್ವಾಗತಿಸಿದರೇ?’ ಎಂಬ ಪ್ರಶ್ನೆಗೆ ಶಾಪರ್ ‘ಹೌದು’ ಎಂದು ಗುರುತು ಹಾಕಿದ್ದಾರೆ. ವಿವರಣೆಯಲ್ಲಿ ಬರೆದಿರುವುದು: 4:12ಕ್ಕೆ ಒಳಗೆ ಹೋದೆ, ಕೌಂಟರ್‌ನಲ್ಲಿದ್ದವರು ಬೇರೆ ಗಿರಾಕಿಯ ಜೊತೆಗಿದ್ದರು, ನನ್ನತ್ತ ನೋಡಿ ನಕ್ಕು ತಲೆಯಾಡಿಸಿದರು, 4:16ಕ್ಕೆ ಬಂದು ಮಾತಾಡಿಸಿದರು. ಎಡಿಟರ್ ಇದನ್ನು ‘ಇಲ್ಲ’ ಎಂದು ಬದಲಿಸಿದರೆ ಶಾಪರ್‌ಗೆ ಕೋಪ ಬರುವುದು ಸಹಜ. ನಗು ಸ್ವಾಗತವಲ್ಲವೇ? ನಿತ್ಯದ ಬದುಕಿನಲ್ಲಿ ಖಂಡಿತ ಸ್ವಾಗತವೇ. ಆದರೆ ಕ್ಲೈಂಟ್ ಕೇಳಿದ್ದು ಮಾತನಾಡಿಸಿದ್ದನ್ನು. ಇಲ್ಲಿ ಸಂಗತಿಯ ಬಗ್ಗೆ ಇಬ್ಬರಿಗೂ ಭಿನ್ನಾಭಿಪ್ರಾಯವೇ ಇಲ್ಲ. ಇರುವುದು ಪ್ರಶ್ನೆಯನ್ನು ಓದಿಕೊಂಡ ಬಗೆಯಲ್ಲಿ. ನಿಯಮ ಬಿಗಿಯಾಯಿತು ಎನಿಸಿದರೆ ಷರಾ ಅಂಕಣದಲ್ಲಿ ನಗುವನ್ನೂ ತಲೆಯಾಡಿಸಿದ್ದನ್ನೂ ಉಳಿಸಿಕೊಳ್ಳಿ ಎಂದು ಕೇಳುವ ಹಕ್ಕು ಶಾಪರ್‌ಗಿದೆ, ಕೇಳಲೂಬೇಕು, ಯಾಕೆಂದರೆ ಕೌಂಟರ್‌ನಲ್ಲಿದ್ದವರ ಪರವಾಗಿರುವ ಸಾಲು ಅದೊಂದೇ. ‘ಸಿಬ್ಬಂದಿ ಒರಟಾಗಿ ನಡೆದುಕೊಂಡರು’ ಎಂಬ ಸಾಲು ಕತ್ತರಿಯಾಗುವುದೂ ಇಂಥದೇ ಕಾರಣಕ್ಕೆ. ‘ಫೋನಿನಿಂದ ತಲೆಯೆತ್ತಲಿಲ್ಲ, ಬೆಲೆ ಕೇಳಿದಾಗ ಬೋರ್ಡಿನತ್ತ ಕೈ ತೋರಿಸಿದರು, ಚಿಲ್ಲರೆಯನ್ನು ಕೌಂಟರ್ ಮೇಲೆ ಸರಿಸಿದರು’ ಎಂದು ಬರೆದಿದ್ದರೆ ಅದನ್ನು ತೆಗೆಯಲು ಎಡಿಟರ್‌ಗೆ ಕಾರಣವೇ ಇರುತ್ತಿರಲಿಲ್ಲ. ಒರಟು ಎನ್ನುವುದು ತೀರ್ಪು, ಅದನ್ನು ಯಾರು ಬೇಕಾದರೂ ಅಲ್ಲಗಳೆಯಬಹುದು. ಮೇಲಿನ ಮೂರು ಸಂಗತಿಗಳನ್ನು ಅಲ್ಲಗಳೆಯಲು ಸಿಸಿಟಿವಿಯೇ ಬೇಕು.

‘ಕಣ್ಣಾರೆ ಕಂಡದ್ದಕ್ಕೆ ಪುರಾವೆ ಯಾಕೆ?’ ಎಂಬುದು ಇನ್ನೂ ಗಟ್ಟಿಯಾದ ನಂಬಿಕೆ. ಮನಶ್ಶಾಸ್ತ್ರ ಇದನ್ನು ಒಪ್ಪುವುದಿಲ್ಲ. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 150 ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಚಿತ್ರ ತೋರಿಸಿದರು. ಕಾರುಗಳು ‘ಅಪ್ಪಳಿಸಿದಾಗ’ ವೇಗ ಎಷ್ಟಿತ್ತು ಎಂದು 50 ಮಂದಿಯನ್ನು, ‘ಹೊಡೆದಾಗ’ ಎಷ್ಟಿತ್ತು ಎಂದು ಇನ್ನು 50 ಮಂದಿಯನ್ನು ಕೇಳಿದರು, ಉಳಿದವರಿಗೆ ವೇಗದ ಪ್ರಶ್ನೆಯನ್ನೇ ಕೇಳಲಿಲ್ಲ. ವಾರ ಕಳೆದು, ಒಡೆದ ಗಾಜು ಕಂಡಿರಾ ಎಂದು ವಿಚಾರಿಸಿದಾಗ ಮೊದಲ ಗುಂಪಿನ 16 ಮಂದಿ, ಎರಡನೆಯ ಗುಂಪಿನ 7 ಮಂದಿ ಹೌದೆಂದರು. ಚಿತ್ರದಲ್ಲಿ ಒಡೆದ ಗಾಜೇ ಇರಲಿಲ್ಲ. ಅವರಲ್ಲಿ ಯಾರೂ ಸುಳ್ಳುಗಾರರಲ್ಲ, ಪ್ರಶ್ನೆಯಲ್ಲಿದ್ದ ಒಂದು ಪದ ನೆನಪಿನೊಳಗೆ ಸೇರಿಕೊಂಡಿತ್ತು. ಮಿಸ್ಟರಿ ಶಾಪರ್‌ನ ಸ್ಥಿತಿ ಇದಕ್ಕಿಂತ ಕಷ್ಟದ್ದು. ಗುರುತು ಸಿಗದಂತೆ ನಟಿಸಬೇಕು, ಜೊತೆಗೆ ಹತ್ತಾರು ಅಂಶ ನೆನಪಿಡಬೇಕು, ಎದುರಿಗೆ ಬರೆದುಕೊಳ್ಳುವಂತಿಲ್ಲ. ಈ ಕೆಲಸದಲ್ಲಿ ಗ್ರಹಿಕೆ ಮತ್ತು ನೆನಪಿನಿಂದ ತಪ್ಪುಗಳು ನುಸುಳುವ ದಾರಿಗಳನ್ನು ಮಾರಿಸನ್, ಕೋಲ್ಮನ್ ಮತ್ತು ಪ್ರೆಸ್ಟನ್ ಎಂಬ ಸಂಶೋಧಕರು 1997ರಲ್ಲೇ ವಿವರವಾಗಿ ಚರ್ಚಿಸಿದ್ದಾರೆ. ಆದ್ದರಿಂದ ಬಿಲ್ಲು, ಫೋಟೋ, ಅಂಗಡಿಯಿಂದ ಹೊರಬಂದ ಕೂಡಲೇ ಫೋನಿನಲ್ಲಿ ಹಾಕಿಕೊಂಡ ಟಿಪ್ಪಣಿ, ಇವು ನೆನಪಿಗೆ ಬೇಕಾದ ಊರುಗೋಲು. ಎಡಿಟರ್ ಇವನ್ನು ಕೇಳಿದರೆ ಅವಮಾನ ಎಂದುಕೊಳ್ಳಬೇಕಾಗಿಲ್ಲ.

ಲಾಫ್ಟಸ್ ಪ್ರಯೋಗ ಎಡಿಟರ್‌ಗಳಿಗೂ ಅಷ್ಟೇ ಎಚ್ಚರಿಕೆ ಹೇಳುತ್ತದೆ, ಶಾಪರ್‌ಗಳು ಅತಿ ಹೆಚ್ಚು ಸೋಲುವುದೂ ಇಲ್ಲಿಯೇ. ‘ಕ್ಯಾಷಿಯರ್ ನಿಮಗೆ ಧನ್ಯವಾದ ಹೇಳಿರಬೇಕಲ್ಲ, ಸ್ವಲ್ಪ ನೆನಪಿಸಿಕೊಳ್ಳಿ’ ಎಂಬ ಪ್ರಶ್ನೆ ಉತ್ತರವನ್ನು ತಾನೇ ಹೊತ್ತು ತಂದಿದೆ. ‘ಬಿಲ್ ಕೊಟ್ಟ ಮೇಲೆ ಕ್ಯಾಷಿಯರ್ ಏನು ಹೇಳಿದರು ಎಂಬುದು ವಿವರಣೆಯಲ್ಲಿಲ್ಲ, ಏನು ನಡೆಯಿತು?’ ಎಂಬುದು ನ್ಯಾಯವಾದ ಪ್ರಶ್ನೆ. ಮೊದಲ ಬಗೆಯ ಪ್ರಶ್ನೆಗೆ, ಕೆಲಸ ತಪ್ಪೀತೆಂಬ ಅಂಜಿಕೆಯಿಂದ, ‘ಹೌದು, ಹೇಳಿದ್ದರು’ ಎಂದು ಬರೆದರೆ ಅಲ್ಲಿಗೆ ವರದಿ ಕಟ್ಟುಕತೆಯಾಯಿತು. ಸುಲಭ ದಾರಿ ಹಿಡಿದು ಜಗಳ ತಪ್ಪಿಸಿಕೊಂಡೆ ಎಂದು ಶಾಪರ್ ಭಾವಿಸಬಹುದು. ಆದರೆ ಈ ಬಗೆಯ ವರದಿಗಳ ಮೇಲೆ ನಿಂತಿರುವ ನಿರ್ಧಾರಗಳು ಸಣ್ಣವಲ್ಲ. ಬ್ರಿಟನ್ನಿನ ಹಣಕಾಸು ಸೇವಾ ಪ್ರಾಧಿಕಾರ 6 ದೊಡ್ಡ ಸಂಸ್ಥೆಗಳಲ್ಲಿ 231 ಗುಪ್ತ ಭೇಟಿ ಮಾಡಿಸಿ, ಸುಮಾರು ಕಾಲು ಭಾಗ ಪ್ರಕರಣಗಳಲ್ಲಿ ಹೂಡಿಕೆ ಸಲಹೆ ತೃಪ್ತಿಕರವಾಗಿರಲಿಲ್ಲ ಎಂದು 2013ರಲ್ಲಿ ಪ್ರಕಟಿಸಿತು. ನಮ್ಮ ದೆಹಲಿಯಲ್ಲಿ, ಕ್ಷಯದ ಲಕ್ಷಣಗಳನ್ನು ಹೇಳಲು ತರಬೇತಿ ಪಡೆದವರು ರೋಗಿಗಳಂತೆ ವೈದ್ಯರ ಬಳಿ ಹೋದ 250 ಭೇಟಿಗಳಲ್ಲಿ 52ರಲ್ಲಿ ಮಾತ್ರ ಸರಿಯಾದ ಕ್ರಮ ಕಂಡಿತು ಎಂದು 2015ರ ಅಧ್ಯಯನ ತೋರಿಸಿತು. ಹೋಗಿಬಂದವರು ಯಾರನ್ನೋ ಮೆಚ್ಚಿಸಲು ಉತ್ತರ ಬದಲಿಸಿದ್ದರೆ ಈ ಅಂಕಿಗಳಿಗೆ ಬೆಲೆಯೇ ಇರುತ್ತಿರಲಿಲ್ಲ. ಅಂಗಡಿಯ ವರದಿಯ ವ್ಯಾಪ್ತಿ ಚಿಕ್ಕದು, ಆದರೆ ಅದರ ಇನ್ನೊಂದು ತುದಿಯಲ್ಲೂ ಒಬ್ಬ ಮನುಷ್ಯನಿದ್ದಾನೆ. ಅನೇಕ ಕಡೆ ಆತನ ಇನ್ಸೆಂಟಿವ್ ಈ ಅಂಕಕ್ಕೆ ತಗುಲಿಕೊಂಡಿರುತ್ತದೆ.

ಹಾಗಾದರೆ ಒಪ್ಪಿಗೆಯಿಲ್ಲದಾಗ ಏನು ಬರೆಯಬೇಕು? ಉದ್ದನೆಯ ಸಮರ್ಥನೆ ಬೇಡ, ಹಳೆಯ ಅಸಮಾಧಾನಗಳನ್ನು ಅದರೊಳಗೆ ತುರುಕುವುದು ಬೇಡ. ‘ಪ್ರಶ್ನೆ 14ಕ್ಕೆ ನನ್ನ ಉತ್ತರ ಇಲ್ಲ ಎಂಬುದೇ ಸರಿ. ಬಿಲ್ಲಿನ ಸಮಯ 5:03, ನಾನು ಹೊರಬಂದದ್ದು 5:05, ಈ ನಡುವೆ ಕ್ಯಾಷಿಯರ್ ಮಾತಾಡಲಿಲ್ಲ. 5:10ಕ್ಕೆ ಹಾಕಿಕೊಂಡ ಟಿಪ್ಪಣಿ ಲಗತ್ತಿಸಿದ್ದೇನೆ. ಗೈಡ್‌ಲೈನ್‌ನ ಯಾವ ಅಂಶದಿಂದ ಉತ್ತರ ಬದಲಾಗಬೇಕೆಂದು ತಿಳಿಸಿದರೆ ಮತ್ತೆ ನೋಡುತ್ತೇನೆ’ ಎಂದಿಷ್ಟು ಸಾಕು. ಇದರಲ್ಲಿ ಯಾವ ಪ್ರಶ್ನೆಯ ಬಗ್ಗೆ ತಕರಾರು ಎಂಬುದಿದೆ, ಆಧಾರವಿದೆ, ನಿಯಮ ತೋರಿಸಿ ಎಂಬ ಕೋರಿಕೆಯಿದೆ. ನೆನಪಿಲ್ಲದಿದ್ದರೆ ‘ನೆನಪಿಲ್ಲ’ ಎಂದೇ ಬರೆಯಬೇಕು. ಅದಕ್ಕೆ ಗ್ರೇಡ್ ಇಳಿಯಬಹುದು, ಇಳಿಯಲಿ. ಸ್ಯಾಸಿ, ಶಾಪ್‌ಮೆಟ್ರಿಕ್ಸ್‌ನಂಥ ತಂತ್ರಾಂಶಗಳಲ್ಲಿ ನಡೆಯುವ ಈ ಕೆಲಸದಲ್ಲಿ ಅನೇಕ ಕಂಪನಿಗಳು ಪ್ರತಿ ವರದಿಗೂ 10ಕ್ಕೆ ಇಷ್ಟೆಂದು ಅಂಕ ಕೊಡುತ್ತವೆ, ಆ ಅಂಕ ಆ ಒಂದು ವರದಿಯದು. ಇನ್ನೊಂದು ಗೊಂದಲವೂ ಸಾಮಾನ್ಯ: ಫೀಸು ತಡೆಯುವವರು ಎಡಿಟರೇ ಎಂದು. ಹಣದ ತೀರ್ಮಾನ ನಿಂತಿರುವುದು ಒಪ್ಪಂದ ಮತ್ತು ಗೈಡ್‌ಲೈನ್ ಮೇಲೆ. ಆ ಮಾತನ್ನು ಭೇಟಿಗಳನ್ನು ಹಂಚುವ ಶೆಡ್ಯೂಲರ್ ಅಥವಾ ಕಂಪನಿಯ ಕಚೇರಿಯೊಡನೆ ಬೇರೆಯಾಗಿ ಆಡಬೇಕು. ಕ್ಲೈಂಟ್ ಹೆಸರು ಹಿಡಿದು ಸೋಷಿಯಲ್ ಮೀಡಿಯಾದಲ್ಲಿ ದೂರುವುದಂತೂ ಕೂಡದು. ಗೌಪ್ಯತೆಯ ಕರಾರು ಮುರಿದ ಮೇಲೆ ನ್ಯಾಯ ಶಾಪರ್ ಕಡೆಯೇ ಇದ್ದರೂ ಕೇಳುವವರಿರುವುದಿಲ್ಲ.

ಇಷ್ಟಾದರೂ ಒಂದು ಬಲವಾದ ಆಕ್ಷೇಪ ಉಳಿಯುತ್ತದೆ. ಶಾಪರ್ ಸ್ವತಂತ್ರ ಗುತ್ತಿಗೆದಾರ, ಅಂಕ ಕೊಡುವವರು ಕಂಪನಿಯವರು, ಮುಂದಿನ ಕೆಲಸ ಹಂಚುವವರೂ ಅವರೇ. ಇಂಥ ಅಸಮಾನತೆಯಲ್ಲಿ ಆಧಾರ, ನಿಯಮ ಎಂಬ ಮಾತೆಲ್ಲ ಚೆನ್ನಾಗಿ ಕೇಳಿಸುತ್ತದೆ ಅಷ್ಟೆ ಎನ್ನಬಹುದು. ಅಸಮಾನತೆ ನಿಜ. ಎಡಿಟರ್‌ಗಳಲ್ಲೂ ಅನೇಕರು ವರದಿಗಿಷ್ಟೆಂದು ಸಂಭಾವನೆ ಪಡೆಯುವ ಫ್ರೀಲಾನ್ಸರ್‌ಗಳೇ, ಅವಸರದಲ್ಲಿ ತಪ್ಪುತ್ತಾರೆ ಎಂಬುದೂ ನಿಜ. ಆದರೆ ಅವಸರದಲ್ಲಿರುವ ಓದುಗನಿಗೆ ಆಧಾರವೇ ಬೇಗ ತಲುಪುತ್ತದೆ, ಅಸಮಾಧಾನ ತಲುಪುವುದಿಲ್ಲ. ಕೆಲಸ ಕೊಡುವ ಕಂಪನಿಗೂ ಮ್ಯಾನೇಜರ್ ತಕರಾರು ತೆಗೆದ ದಿನ ಅಲುಗಾಡದೆ ನಿಲ್ಲುವ ಶಾಪರ್ ಬೇಕು. ಆಧಾರ ಕೊಟ್ಟ ಮೇಲೂ ಸಂಗತಿಯನ್ನೇ ಬದಲಿಸಲು ಮತ್ತೆ ಮತ್ತೆ ಒತ್ತಾಯಿಸುವ ಕಂಪನಿಯಿದ್ದರೆ ಅಲ್ಲಿ ಕೆಲಸ ಬಿಡುವುದೇ ಸರಿ.

ಸರಿಯಾಗಬೇಕಾದದ್ದು ಕಂಪನಿಗಳ ಕಡೆಯೂ ಇದೆ. ಎಡಿಟರ್ ತಿದ್ದಿದ ಅಂತಿಮ ಪ್ರತಿ ಶಾಪರ್ ಕಣ್ಣಿಗೆ ಬೀಳದೆ ಕ್ಲೈಂಟ್‌ಗೆ ಹೋಗುವ ಕಡೆ, ತಾನು ಬರೆಯದ ವಾಕ್ಯಕ್ಕೂ ಶಾಪರ್ ಹೊಣೆಗಾರನಾಗಬೇಕಾಗುತ್ತದೆ. ಭಾಷೆ ಬದಲಾದರೆ ಚಿಂತೆಯಿಲ್ಲ. ‘ಹೌದು’ ಇದ್ದದ್ದು ‘ಇಲ್ಲ’ವಾದರೆ, ಸಮಯವೋ ಸಂಖ್ಯೆಯೋ ಬದಲಾದರೆ, ಕಳಿಸುವ ಮೊದಲು ಶಾಪರ್‌ಗೆ ತೋರಿಸಿ ಒಪ್ಪಿಗೆ ಪಡೆಯುವುದನ್ನು ಕಂಪನಿಗಳು ಕಡ್ಡಾಯ ಮಾಡಬೇಕು. ಅಲ್ಲಿಯವರೆಗೆ, ನೀವು ಸಲ್ಲಿಸಿದ ಮೂಲ ವರದಿ, ಬಿಲ್ಲು ಮತ್ತು ಟಿಪ್ಪಣಿಗಳ ಪ್ರತಿಯನ್ನು ಒಪ್ಪಂದದಲ್ಲಿ ಹೇಳಿದ ಅವಧಿ ಮುಗಿಯುವ ತನಕ ಜೋಪಾನವಾಗಿ ಇಟ್ಟುಕೊಳ್ಳಿ.